ಪಕ್ಕದ ಮನೆ ಶೆಡ್ಡಲ್ಲಿ ಸಿಕ್ಕ ಕಾಂಟೆಸ್ಸಾ: ಸ್ಟಾರ್ಟ್ ಆಗುತ್ತೆ, ಹನ್ನೆರಡೇ ನಿಮಿಷಕ್ಕೆ ಆಫ್. ತಲೆ ಕೆಟ್ಟೋಗಿದೆ

ನಾಲ್ಕನೇ_ಬ್ಲಾಕ್ | ಮಂಗಳವಾರ ರಾತ್ರಿ 11:20

ಗುರುಗಳೇ, ಮೂರು ವಾರದಿಂದ ಇದೊಂದೇ ಗೋಳು. ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ. ಐಡ್ಲಿಂಗ್ ನಿಲ್ಲುತ್ತೆ, ಪಿಕಪ್ಪೂ ಪರವಾಗಿಲ್ಲ. ಹನ್ನೆರಡು ಹದಿಮೂರು ನಿಮಿಷ ಆಗ್ತಿದ್ದ ಹಾಗೆ ಕೆಮ್ಮೋಕೆ ಶುರು, ಆಮೇಲೆ ಫಟ್ ಅಂತ ಆಫ್. ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಅರ್ಧ ಗಂಟೆ ಬಿಟ್ಟು ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್. ಮತ್ತೆ ಹನ್ನೆರಡು ನಿಮಿಷ. ಪ್ಲಗ್ ಹೊಸದು, ಪಾಯಿಂಟ್ ಹೊಸದು, ಬ್ಯಾಟರಿ ಹೊಸದು. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದಾಯ್ತು. ಸ್ಪಾರ್ಕ್ ಚೆನ್ನಾಗಿದೆ, ಪೆಟ್ರೋಲ್ ಬರ್ತಿದೆ. ಇನ್ನೇನು ಬೇಕು ಇದಕ್ಕೆ?

ಹಿನ್ನೆಲೆ ಹೇಳಿಬಿಡ್ತೀನಿ. ಪಕ್ಕದ ಮನೆ ಅಜ್ಜಿ ಶೆಡ್ಡಿನ ಬೀಗದ ಕೈ ಕೊಟ್ಟು, "ಒಳಗೆ ಇಲಿ ಸತ್ತಿರಬೇಕು, ವಾಸನೆ ಬರ್ತಿದೆ, ಸ್ವಲ್ಪ ನೋಡಪ್ಪ" ಅಂದ್ರು. ರೋಲಿಂಗ್ ಶಟರ್ ಎತ್ತೋಕೆ ಇಬ್ಬರು ಬೇಕಾಯ್ತು. ಹಳೇ ಮಂಚ, ಖಾಲಿ ರಾಗಿ ಚೀಲ, ದಾರ ಕಟ್ಟಿದ ಪೇಪರ್ ಕಟ್ಟುಗಳು, ಎಲ್ಲದರ ಹಿಂದೆ ಒಂದು ಟಾರ್ಪಾಲು. ಎಳೆದರೆ ಬಿಳಿ ಕಾಂಟೆಸ್ಸಾ, 1987ರದ್ದು, ಕೆಎ ಬರೋದಕ್ಕೂ ಮುಂಚಿನ ನಂಬರ್ ಪ್ಲೇಟು. ಇಪ್ಪತ್ತು ವರ್ಷದಿಂದ ಆ ಗೋಡೆಯ ಈ ಕಡೆ ನಾನು ಮಲಗ್ತಿದೀನಿ, ಆ ಕಡೆ ನಮ್ಮ ದೇಶದ ಮಸಲ್ ಕಾರು ನಿಂತಿತ್ತು!

ಬಾನೆಟ್ ಮೇಲೆ ಕುಂಕುಮದ ಗುರುತು ಕಪ್ಪಗಾಗಿ ಹಾಗೇ ಇತ್ತು. ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು, ಒಣಗಿ ಗೋಲಿ ಗಾತ್ರ ಆಗಿದ್ದವು. ಒಂದೂ ಜಜ್ಜಿರಲಿಲ್ಲ. ಆಯುಧಪೂಜೆ ಮಾಡಿ ಇಟ್ಟಿದ್ದು, ಹತ್ತಿಸಿ ಆಚೆ ತೆಗೆಯೋ ಮೊದಲೇ ಯಜಮಾನರಿಗೆ ಸ್ಟ್ರೋಕ್ ಆಯ್ತಂತೆ. ಅದು 2006ರಲ್ಲಿ. "ಓಡೋ ಹಾಗೆ ಮಾಡು, ಒಂದ್ಸಲ ಕೂತ್ಕೋಬೇಕು" ಅಂದಿದಾರೆ ಅಜ್ಜಿ. ದಿನಾ ಕಾಂಪೌಂಡ್ ಹತ್ರ ನಿಂತು ಕೇಳ್ತಾರೆ, ನನಗೆ ಮುಖ ತೋರಿಸೋಕೇ ನಾಚಿಕೆ. ದಯವಿಟ್ಟು ಯಾರಾದ್ರೂ ದಾರಿ ತೋರಿಸಿ.

ಗ್ಯಾರೇಜ್_ಗುರು | 11:34

ಕಂಡೆನ್ಸರ್. ಪಾಯಿಂಟ್ ಪಕ್ಕ ಕೂತು ಸ್ಪಾರ್ಕ್ ಸರಿಯಾಗಿ ಬರೋ ಹಾಗೆ ನೋಡ್ಕೊಳ್ಳೋ ಸಣ್ಣ ಡಬ್ಬಿ ಇದೆಯಲ್ಲ, ಅದು. ಕಣ್ಣು ಮುಚ್ಕೊಂಡು ಹೇಳ್ತೀನಿ. ಬಿಸಿ ಆದ್ರೆ ಕೈ ಕೊಡುತ್ತೆ, ತಣ್ಣಗಾದ್ರೆ ಸರಿ ಹೋಗುತ್ತೆ. ಟೆಕ್ಸ್ಟ್‌ಬುಕ್ ಕೇಸು.

ಎರಡನೇ_ಗೇರ್ | 11:51

ಎಂಜಿನ್ ಯಾವುದು ಅಂತ ಹೇಳೇ ಇಲ್ವಲ್ಲ ಮಾರಾಯ್ರೇ. 1.5 ಲೀಟರಿನ ಬಿಎಂಸಿ ಆ ಅಥವಾ 1.8 ಲೀಟರಿನ ಇಸುಜು ಆ? ಎರಡಕ್ಕೂ ಸಂಬಂಧವೇ ಇಲ್ಲ. ಬಿಎಂಸಿ ಆದ್ರೆ ಅದು ಅಂಬಾಸಿಡರ್‌ನ 1489 ಸಿಸಿ ಎಂಜಿನ್ನೇ, ಜೆ.ಸಿ. ರೋಡಲ್ಲಿ ಸಾಮಾನು ಸಿಗುತ್ತೆ. ಇಸುಜು ಆದ್ರೆ ಗಣಪತಿಗೆ ಹರಕೆ ಹೊತ್ಕೊಳ್ಳಿ.

ನಾಲ್ಕನೇ_ಬ್ಲಾಕ್ | ಬುಧವಾರ ಬೆಳಗ್ಗೆ 7:05

1987 ಅಂದ್ರೆ 1.5 ಅಂತ ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡೆ. ನಾಲ್ಕೇ ಗೇರು. ಕಂಡೆನ್ಸರ್ ಇವತ್ತು ತರ್ತೀನಿ.

ಹಾರ್ಸ್‌ಪವರ್_ಹನುಮ | 9:12

ಒಂದು ವಿಷಯ ಕ್ಲಿಯರ್ ಮಾಡೋಣ. ಕಾಂಟೆಸ್ಸಾ ಮಸಲ್ ಕಾರ್ ಅಲ್ಲ. 1964ರ ಪಾಂಟಿಯಾಕ್ ಜಿಟಿಒಗೆ 6.4 ಲೀಟರಿನ ವಿ8, 325 ಹಾರ್ಸ್‌ಪವರ್. ಅದು ಮಸಲ್. ನಿಮ್ಮ 1.5ಕ್ಕೆ ಹೆಚ್ಚು ಕಮ್ಮಿ 50. ನಾಲ್ಕು ಜನ ಕೂತು ನಂದಿ ಬೆಟ್ಟ ಹತ್ತಿಸಿ ಆಮೇಲೆ ಬಂದು ಮಸಲ್ ಬಗ್ಗೆ ಮಾತಾಡಿ.

ಎರಡನೇ_ಗೇರ್ | 9:40

ಅಮೆರಿಕದ ಕಾರೂ ಅಲ್ಲ ಅದು. ಬ್ರಿಟನ್ನಿನ ವಾಕ್ಸ್‌ಹಾಲ್ ವಿಎಕ್ಸ್‌ನ ಬಾಡಿ. ಹಿಂದುಸ್ತಾನ್ ಮೋಟಾರ್ಸ್‌ನವರು ತಂದು 1984ರಿಂದ ಇಲ್ಲಿ ಮಾರಿದ್ರು, 2002ಕ್ಕೆ ನಿಲ್ಲಿಸಿದ್ರು. ಆ ದೊಡ್ಡ ಮೈಗೆ ಅಂಬಾಸಿಡರ್ ಎಂಜಿನ್ ಹಾಕಿದ್ದು ಎತ್ತಿನ ಗಾಡಿಗೆ ಮೇಕೆ ಕಟ್ಟಿದ ಹಾಗೆ ಆಗಿತ್ತು, ಅದು ನಿಜ. ಆದ್ರೂ ಆ ಉದ್ದ ಬಾನೆಟ್ಟು, ಜೋಡಿ ಹೆಡ್‌ಲೈಟು ನೋಡಿ ಜನ ಪ್ರೀತಿಯಿಂದ ಕರೀತಾರೆ. ನಿಮ್ಮ ಗಂಟೇನು ಹೋಗುತ್ತೆ?

ಹಾರ್ಸ್‌ಪವರ್_ಹನುಮ | 9:44

ಪ್ರೀತಿಯಿಂದ ನಮ್ಮ ನಾಯಿನ ಹುಲಿ ಅಂತ ಕರೀತೀನಿ. ಅದು ಹುಲಿ ಆಗುತ್ತಾ?

ಬಂಕ್_ಬೇಡಪ್ಪ | 10:15

ಎಲ್ಲಾ ಬಿಡಿ. ಇ20. ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್. ಹಳೇ ರಬ್ಬರನ್ನ ಮೆತ್ತಗೆ ಮಾಡುತ್ತೆ, ನೀರು ಹೀರುತ್ತೆ, ಬೇಗ ಆವಿ ಆಗುತ್ತೆ. ನಿಮಗೆ ಆಗ್ತಿರೋದು ವೇಪರ್ ಲಾಕ್, ಅಂದ್ರೆ ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿಯಾಗಿ ಪಂಪಿಗೆ ಎಳೆಯೋಕೆ ಆಗಲ್ಲ. ಹಿಂದೆ ಟ್ಯಾಕ್ಸಿಯವರು ಪಂಪ್ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ದುದು ಇದಕ್ಕೇ. 2000ದಲ್ಲಿ ಪೆಟ್ರೋಲಿಂದ ಸೀಸ ತೆಗೆದಾಗಲೇ ಈ ಎಂಜಿನ್‌ಗಳ ಕಥೆ ಅರ್ಧ ಮುಗೀತು, ಉಳಿದರ್ಧ ಈಗ.

ಗ್ಯಾರೇಜ್_ಗುರು | 10:31

ಬೆಂಗಳೂರಲ್ಲಿ ವೇಪರ್ ಲಾಕಾ? ರಾತ್ರಿ ಸ್ವೆಟರ್ ಹಾಕೊಂಡು ಟೈಪ್ ಮಾಡ್ತಿದೀನಿ ನಾನು. ರಾಯಚೂರಾದ್ರೆ ಒಪ್ಪೋಣ. ಕಂಡೆನ್ಸರ್.

ಬಂಕ್_ಬೇಡಪ್ಪ | 10:33

ಹೊರಗಡೆ ಸ್ವೆಟರ್ ಇದ್ರೆ ಬಾನೆಟ್ ಒಳಗೂ ಸ್ವೆಟರ್ ಇರುತ್ತಾ ಸ್ವಾಮಿ?

ನಾಲ್ಕನೇ_ಬ್ಲಾಕ್ | ಗುರುವಾರ ರಾತ್ರಿ 9:50

ಕಂಡೆನ್ಸರ್ ಹಾಕಿದೆ. ಹದಿಮೂರು ನಿಮಿಷ. ಒದ್ದೆ ಬಟ್ಟೆ ಹಾಕಿದೆ. ಹನ್ನೆರಡು ನಿಮಿಷ. ಬೆಳಗ್ಗೆ ಆರಕ್ಕೆ ಭಾಷ್ಯಂ ಸರ್ಕಲ್ ಕಡೆ ಒಂದು ರೌಂಡ್ ಹೋಗಿದ್ದೆ. ವಾಪಸ್ ಬರ್ತಾ ನವರಂಗ್ ಹತ್ರ ನಿಂತೋಯ್ತು. ಹಾಲಿನ ಗಾಡಿಯವರು ಇಳಿದು ತಳ್ಳಿಕೊಟ್ರು. ಒಬ್ಬರು "ಸಾರ್, ಗುಜರಿಗೆ ಹಾಕ್ತೀರಾ?" ಅಂತ ಬೇರೆ ಕೇಳಿದ್ರು. ಹೊಟ್ಟೆ ಉರೀತು.

ಗ್ಯಾರೇಜ್_ಗುರು | 10:02

ಯಾವ ಕಂಡೆನ್ಸರ್? ಈಗ ಬರೋದರಲ್ಲಿ ಅರ್ಧಕ್ಕರ್ಧ ಡೂಪ್ಲಿಕೇಟು. ಶಿವಾಜಿನಗರಕ್ಕೆ ಹೋಗಿ ಹಳೇ ಡಿಸ್ಟ್ರಿಬ್ಯೂಟರ್ ಜೊತೆ ಇರೋ ಒರಿಜಿನಲ್ ಕಂಡೆನ್ಸರ್ ಹುಡುಕು. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇದೆಯಾ? ಕಾಯಿಲ್ ಮುಟ್ಟಿ ನೋಡು, ಕೈ ಸುಡುತ್ತಾ?

ಫಿಟ್‌ನೆಸ್_ಫೈಲ್ | 10:20

ಒಂದು ನಿಮಿಷ. 2006ರಿಂದ ನಿಂತ ಗಾಡಿ, ರೋಡಿಗೆ ತಂದಿದೀರಾ? 15 ವರ್ಷ ಆದ ಮೇಲೆ ಮರುನೋಂದಣಿ, ಅದೂ ಐದೈದು ವರ್ಷಕ್ಕೆ. ಇನ್ಶೂರೆನ್ಸ್? ಎಮಿಷನ್? ಸಣ್ಣ ತಾಗಿದ್ರೂ ಅಜ್ಜಿ ಹೆಸರಿಗೆ ಕೇಸು. 50 ವರ್ಷ ದಾಟಿದ್ರೆ ವಿಂಟೇಜ್ ಅಂತ ಬೇರೆ ನೋಂದಣಿ ಇದೆ, 2021ರಿಂದ. ನಿಮ್ಮದಕ್ಕೆ ಇನ್ನೂ ವಯಸ್ಸಾಗಿಲ್ಲ.

ನಾಲ್ಕನೇ_ಬ್ಲಾಕ್ | 10:26

ಸರಿ ಸಾರ್, ಇನ್ಮೇಲೆ ನಮ್ಮ ಕ್ರಾಸ್ ಬಿಟ್ಟು ಹೋಗಲ್ಲ. ಬ್ರೇಕ್ ಎಲ್ಲಾ ಮಾಡಿಸಿದೀನಿ, ವೀಲ್ ಸಿಲಿಂಡರ್ ಕಿಟ್, ಹೋಸ್, ಎಲ್ಲಾ. ಈಗ ಎಂಜಿನ್ ಬಗ್ಗೆ ಹೇಳಿ.

ಯೆಜ್ಡಿ_ಮಾವ | 10:58

ಈ ತಲೆನೋವೆಲ್ಲಾ ಬೇಡ ಅಂತಲೇ ನಾನು ಎರಡು ಚಕ್ರದಲ್ಲಿ ಉಳಿದಿದ್ದು. 1982ರ ರೋಡ್‌ಕಿಂಗ್, ಮೈಸೂರಲ್ಲಿ ಹುಟ್ಟಿದ ಮಗು. ಕಿಕ್ಕರೂ ಅದೇ, ಗೇರ್ ಲಿವರೂ ಅದೇ, ಒಂದೇ ಕಡ್ಡಿ. ಎಂಟು ತಿಂಗಳು ನಿಂತಿದ್ರೂ ಮೂರನೇ ಕಿಕ್ಕಿಗೆ ಎದ್ದು ಕೂರುತ್ತೆ. ಜೋಡಿ ಸೈಲೆನ್ಸರ್‌ಗೆ ಹೊಸ ಕ್ರೋಮ್ ಮಾಡಿಸಿದೀನಿ, ಮನೆಯವಳು ಅದರಲ್ಲಿ ಮುಖ ನೋಡಿ ಕುಂಕುಮ ಇಟ್ಕೋತಾಳೆ.

ಎರಡನೇ_ಗೇರ್ | 11:03

ಮಾವ, ಚೆನ್ನಾಗಿದೆ. ಆದ್ರೆ ಇದು ಕಾಂಟೆಸ್ಸಾ ಚರ್ಚೆ.

ಯೆಜ್ಡಿ_ಮಾವ | 11:05

ಇರಲಿ ಬಿಡಪ್ಪ, ಓದೋರಿಗೆ ಗೊತ್ತಾಗಲಿ ಅಂತ.

ನಾಲ್ಕನೇ_ಬ್ಲಾಕ್ | ಶನಿವಾರ ರಾತ್ರಿ 8:30

ಶಿವಾಜಿನಗರದ ಕಂಡೆನ್ಸರ್ ಹಾಕಿದೆ. ಕಾಯಿಲ್ ಕೂಡ ಬದಲಾಯಿಸಿದೆ. ಹನ್ನೆರಡು ನಿಮಿಷ. ನನ್ನ ಸಂಬಳದಲ್ಲಿ ಇದಕ್ಕಿಂತ ಹೆಚ್ಚು ಸಾಮಾನು ತರೋಕೆ ಆಗಲ್ಲ. ವಿಚಿತ್ರ ಅಂದ್ರೆ ಹೋದ ಭಾನುವಾರ 40 ನಿಮಿಷ ಒಂದೇ ಸಮ ಓಡಿತ್ತು. ಸರಿ ಹೋಯ್ತು ಅಂತ ಖುಷಿಯಾಗಿ ಮೈಸೂರ್ ಪಾಕ್ ತಂದಿದ್ದೆ. ಸೋಮವಾರ ಮತ್ತೆ ಅದೇ ರಾಗ. ನನಗೂ ಇದಕ್ಕೂ ಜಾತಕ ಕೂಡಲ್ಲ.

ಗ್ಯಾರೇಜ್_ಗುರು | 8:41

ಮೂರನೇ ಕಂಡೆನ್ಸರ್ ಟ್ರೈ ಮಾಡು. ನಾನು ಒಂದು ಕೊಡ್ತೀನಿ, ಹಳೇ ಇಂಗ್ಲೆಂಡ್ ಸ್ಟಾಕು.

ಪಂಪ್‌ಸೆಟ್_ಮನೆ | 9:15

ನಮಸ್ಕಾರ. ನಾನು ಕಾರಿನವಳಲ್ಲ. ನಮ್ಮಪ್ಪನದು ದೊಡ್ಡಬಳ್ಳಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ, ಅಲ್ಲೇ ಬೆಳೆದದ್ದು. ಮೂರು ಪ್ರಶ್ನೆ ಕೇಳ್ತೀನಿ, ಬೇಜಾರಾಗಬೇಡಿ.

ಸ್ಪಾರ್ಕ್ ಚೆನ್ನಾಗಿದೆ ಅಂದ್ರಲ್ಲ, ನೋಡಿದ್ದು ಯಾವಾಗ? ಆಫ್ ಆದ ತಕ್ಷಣವಾ, ಸ್ವಲ್ಪ ಹೊತ್ತು ಬಿಟ್ಟಾ? ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿದೆ? ಭಾನುವಾರ ಏನು ಬೇರೆ ಮಾಡಿದ್ರಿ?

ನಾಲ್ಕನೇ_ಬ್ಲಾಕ್ | 9:28

ಆಫ್ ಆದ ಮೇಲೆ ಟೂಲ್ ತಂದು, ಪ್ಲಗ್ ಬಿಚ್ಚಿ ನೋಡೋ ಹೊತ್ತಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಆಗಿರುತ್ತೆ. ಟ್ಯಾಂಕ್ ಫುಲ್. ಖಾಲಿ ಇದ್ರೆ ಒಳಗೆ ತುಕ್ಕು ಹಿಡಿಯುತ್ತೆ ಅಂತ ಮೆಕ್ಯಾನಿಕ್ ಹೇಳಿದ್ರು, ಯಾವಾಗಲೂ ಕತ್ತಿನವರೆಗೆ ತುಂಬಿಸಿ ಇಟ್ಟಿರ್ತೀನಿ. ಭಾನುವಾರ ಬೇರೆ ಏನೂ ಮಾಡಿಲ್ಲ.

ಪಂಪ್‌ಸೆಟ್_ಮನೆ | 9:36

ಇಪ್ಪತ್ತು ನಿಮಿಷ ಬಿಟ್ಟು ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ, ಆಗ ಗಾಡಿಯೂ ಸ್ಟಾರ್ಟ್ ಆಗುತ್ತಲ್ಲ. ಆ ಸ್ಪಾರ್ಕಿಗೆ ಲೆಕ್ಕ ಇಲ್ಲ. ಭಾನುವಾರ ಇನ್ನೊಂದ್ಸಲ ನೆನಪು ಮಾಡ್ಕೊಳ್ಳಿ. ಬೆಳಗ್ಗೆಯಿಂದ.

ಗ್ಯಾರೇಜ್_ಗುರು | 9:38

ಮೇಡಂ, ಬೋರ್‌ವೆಲ್ ಮೋಟಾರ್ ಬೇರೆ, ಕಾರಿನ ಇಗ್ನಿಷನ್ ಬೇರೆ.

ನಾಲ್ಕನೇ_ಬ್ಲಾಕ್ | 9:55

ಬೆಳಗ್ಗೆ ಕ್ಯಾನಲ್ಲಿ ಪೆಟ್ರೋಲ್ ತಂದೆ. ಫನೆಲ್ ಇಟ್ಟು ಹಾಕಿದೆ. ಅಜ್ಜಿ ಕಾಫಿ ಕೊಟ್ರು. ಸ್ಟಾರ್ಟ್ ಮಾಡಿ ಶೆಡ್ ಮುಂದೆನೇ ಓಡೋಕೆ ಬಿಟ್ಟೆ. ಅಷ್ಟೇ. ಫನೆಲ್ ತೆಗೆಯೋದು ಮರೆತು ಅದು ಹಾಗೇ ನಿಂತಿತ್ತು, ಅಜ್ಜಿನೇ ನೋಡಿ ಹೇಳಿದ್ದು.

ಅಯ್ಯೋ, ತಡೀರಿ.

ಪಂಪ್‌ಸೆಟ್_ಮನೆ | 9:58

ಮುಚ್ಚಳ ಯಾವುದು ಹಾಕಿದೀರಾ? ಗಾಡಿ ಜೊತೆ ಬಂದಿದ್ದಾ?

ನಾಲ್ಕನೇ_ಬ್ಲಾಕ್ | 10:04

ಇಲ್ಲ, ಹಳೇದು ತುಕ್ಕು ಹಿಡಿದು ಕೈಗೆ ಬಂತು. ಮೊದಮೊದಲು ಬಟ್ಟೆ ತುರುಕಿ ಓಡಿಸ್ತಿದ್ದೆ. ಆಮೇಲೆ ಜೆ.ಸಿ. ರೋಡಲ್ಲಿ ಬೀಗ ಇರೋ ಮುಚ್ಚಳ ತಂದೆ, ಒಳಗೆ ದಪ್ಪ ರಬ್ಬರ್ ವಾಷರ್, ಭದ್ರವಾಗಿ ಕೂರುತ್ತೆ. ತಂದು ಮೂರು ವಾರ ಆಯ್ತು. ಮುಚ್ಚಳದ ವಿಷಯ ಏನು ಹೇಳೋದು ಅಂತ ಬರೀಲಿಲ್ಲ.

ಪಂಪ್‌ಸೆಟ್_ಮನೆ | 10:17

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಸುರಿಯುತ್ತಾ? ಎದುರು ಮೂಲೆಗೆ ಇನ್ನೊಂದು ತೂತು ಹೊಡೀತೀವಿ, ಗಾಳಿ ಹೋಗಲಿ ಅಂತ. ಟ್ಯಾಂಕಿಗೂ ಅದೇ. ಪಂಪ್ ಪೆಟ್ರೋಲ್ ಎಳೆದಷ್ಟೂ ಒಳಗೆ ಗಾಳಿ ಬರಬೇಕು. ಮುಚ್ಚಳದ ಸಣ್ಣ ತೂತಿಂದಲೋ, ಬೇರೆ ಗಾಳಿ ಪೈಪಿಂದಲೋ. ನಿಮ್ಮ ಹೊಸ ಮುಚ್ಚಳಕ್ಕೆ ತೂತಿಲ್ಲ, ಗಾಳಿ ಪೈಪ್ ಇದ್ರೂ ಕಟ್ಟಿರುತ್ತೆ. ಒಳಗೆ ನಿರ್ವಾತ ಆಗಿ, ಕೊನೆಗೆ ಪಂಪಿಗೆ ಎಳೆಯೋಕೆ ಆಗಲ್ಲ. ನಿಲ್ಲಿಸಿಬಿಟ್ರೆ ಸಂದಿಯಿಂದ ನಿಧಾನವಾಗಿ ಗಾಳಿ ನುಗ್ಗುತ್ತೆ, ಅದಕ್ಕೇ ಅರ್ಧ ಗಂಟೆ. ಟ್ಯಾಂಕ್ ತುಂಬ ತುಂಬಿಸಿರೋದರಿಂದ ಗಾಳಿಗೆ ಜಾಗವೇ ಕಮ್ಮಿ, ಹಾಗಾಗಿ ಇಷ್ಟು ಬೇಗ. ಅರ್ಧ ಟ್ಯಾಂಕ್ ಇದ್ದಿದ್ರೆ ನಿಮಗೆ ಗೊತ್ತೂ ಆಗ್ತಿರಲಿಲ್ಲವೇನೋ.

ನಾಳೆ ಆಫ್ ಆದ ತಕ್ಷಣ ಬೇರೇನೂ ಮುಟ್ಟಬೇಡಿ. ಮುಚ್ಚಳ ನಿಧಾನ ತಿರುಗಿಸಿ, ಕಿವಿ ಕೊಡಿ.

ನಾಲ್ಕನೇ_ಬ್ಲಾಕ್ | ಭಾನುವಾರ ಬೆಳಗ್ಗೆ 8:10

ಹನ್ನೊಂದು ನಿಮಿಷಕ್ಕೆ ಆಫ್. ಮುಚ್ಚಳ ತಿರುಗಿಸಿದ್ರೆ ಸುಯ್ಯ್ ಅಂತ, ಕುಕ್ಕರ್ ಉಲ್ಟಾ ಊದಿದ ಹಾಗೆ ಗಾಳಿ ಒಳಗೆ ಹೋಯ್ತು. ಪಂಪಿನ ಕೈ ಲಿವರ್ ನಾಲ್ಕು ಸಲ ಒತ್ತಿ ಸೆಲ್ಫ್ ಹೊಡೆದೆ. ಸ್ಟಾರ್ಟ್! ಮುಚ್ಚಳ ಸಡಿಲ ಬಿಟ್ಟು 50 ನಿಮಿಷ ಓಡಿಸಿದೆ, ನಾನೇ ಬೇಜಾರಾಗಿ ಆಫ್ ಮಾಡಿದೆ. ಗಾಳಿ ಪೈಪೂ ಸಿಕ್ತು. ತುದಿಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿದೆ, ಕಲ್ಲಿನ ಥರ. ಕ್ಲಚ್ ಕೇಬಲ್ ತಂತಿಯಲ್ಲಿ ಕೊರೆದು ತೆಗೆದೆ.

ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ. ಎರಡು ಕಂಡೆನ್ಸರು, ಒಂದು ಕಾಯಿಲು, ಮೂರು ವಾರ.

ಅಜ್ಜಿನ ಕೂರಿಸಿಕೊಂಡು ಕ್ರಾಸಿನ ಆ ತುದಿವರೆಗೆ ಹೋಗಿ ಬಂದೆ. ಹಿಂದಿನ ಸೀಟಲ್ಲಿ ಎಡಗಡೆನೇ ಕೂತ್ರು, ಯಾವಾಗಲೂ ಅಲ್ಲೇ ಅಂತೆ. ಏನೂ ಮಾತಾಡಲಿಲ್ಲ. ಇಳಿದ ಮೇಲೆ "ಹಾರ್ನ್ ಕೆಲಸ ಮಾಡ್ತಿಲ್ಲ" ಅಂದ್ರು.

ಎರಡನೇ_ಗೇರ್ | 8:32

ಭೇಷ್. ಹಾರ್ನಿಗೆ ಬೇರೆ ಚರ್ಚೆ ಶುರು ಮಾಡಿ, ಈ ಸಲ ಎಲ್ಲಾ ವಿವರ ಹಾಕಿ. ನಿಂಬೆಹಣ್ಣು ಏನು ಮಾಡಿದ್ರಿ?

ನಾಲ್ಕನೇ_ಬ್ಲಾಕ್ | 8:35

ಮೊದಲ ದಿನ ಗಾಡಿ ತಳ್ಳೋವಾಗಲೇ ಚಕ್ರದಡಿ ಪುಡಿ ಆದವು. ಮೂರು. ನಾಲ್ಕನೇದು ಸಿಗಲೇ ಇಲ್ಲ, ಇಲಿ ಎತ್ಕೊಂಡು ಹೋಗಿರಬೇಕು.

ಬಂಕ್_ಬೇಡಪ್ಪ | 8:50

ಇ20 ಇಲ್ಲದಿದ್ರೆ ಇನ್ನೂ ಐದು ನಿಮಿಷ ಜಾಸ್ತಿ ಓಡ್ತಿತ್ತು ಅನ್ನೋದನ್ನ ಯಾರೂ ಒಪ್ಪಲ್ಲ.

ಗುಜರಿ_ಪ್ರೇಮಿ | 9:20

ಅಜ್ಜಿ ಮಾರ್ತಾರಾ? ಕೊನೇ ರೇಟ್ ಹೇಳಿ. ಇಲ್ಲಾಂದ್ರೆ ಹಿಂದಿನ ಲೈಟ್ ಸೆಟ್ ಒಂದೇ ಕೊಟ್ರೂ ಆಯ್ತು.

ನಾಲ್ಕನೇ_ಬ್ಲಾಕ್ | 9:22

ಇಲ್ಲ.

ಗ್ಯಾರೇಜ್_ಗುರು | 9:47

ಮುಚ್ಚಳ ಸರಿ, ಒಪ್ಪಿದೆ. ಆದ್ರೂ ಆ ಕಂಡೆನ್ಸರ್ ಮೇಲೆ ನನಗೆ ನಂಬಿಕೆ ಇಲ್ಲ. ನಾನು ಹೇಳಿದ್ದು ಒಂದ್ಸಲ ಹಾಕಿ ನೋಡು.