ಮನೇಲಿ ಡ್ರೈ ಫೈರ್: 12 ಅಡಿ ಹಾಲ್‌ನಲ್ಲಿ ಏರ್ ಪಿಸ್ತೂಲ್ ಅಭ್ಯಾಸ ಹೇಗೆ?

ಸಕ್ಕರೆನಾಡು10

ಎಲ್ಲರಿಗೂ ನಮಸ್ಕಾರ. ಇರೋದು ಮಂಡ್ಯ, ರೇಂಜ್‌ಗೆ ಅಂತ ಮೈಸೂರಿಗೆ ಬರೋಕಾಗೋದು ಭಾನುವಾರ ಮಾತ್ರ. ಉಳಿದ ದಿನ ಮನೇಲೇ ಡ್ರೈ ಫೈರ್ (ಗುಂಡು ಹಾಕದೆ ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತೋ ಅಭ್ಯಾಸ) ಮಾಡೋಣ ಅಂತ. 10 ಮೀಟರ್ ಏರ್ ಪಿಸ್ತೂಲ್, ಪಿಸಿಪಿ (ಸಿಲಿಂಡರ್‌ನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ನಡೆಯೋದು), ಬಲಗೈ. ಹಾಲ್ ಗೋಡೆಯಿಂದ ಗೋಡೆಗೆ 12 ಅಡಿ. ಹೋಲ್ಡ್, ಅಂದ್ರೆ ಪಿಸ್ತೂಲ್ ಅಲುಗಾಡದ ಹಾಗೆ ಹಿಡಿಯೋದು, ಪರವಾಗಿಲ್ಲ, ಆದ್ರೆ ಹತ್ತರಲ್ಲಿ ಮೂರು ಏಟು ಎಡಕ್ಕೆ ಕೆಳಗೆ, ಏಳು ಗಂಟೆ ದಿಕ್ಕಲ್ಲಿ ಹೋಗಿ 7 ಅಂಕದ ವೃತ್ತದಲ್ಲೋ 8ರಲ್ಲೋ ಕೂರುತ್ತೆ.

ಟಾರ್ಗೆಟ್ ಎಷ್ಟು ದೊಡ್ಡದಿರಬೇಕು, ಎಷ್ಟು ಎತ್ತರಕ್ಕೆ ಅಂಟಿಸಬೇಕು? ದಿನಕ್ಕೆ ಎಷ್ಟು ಸಲ? ಬ್ಯಾರಲ್ ಮೇಲೆ ನಾಣ್ಯ ಇಟ್ಟು ಮಾಡೋದು ಉಪಯೋಗಕ್ಕೆ ಬರುತ್ತಾ? ಮನೇಲಿ ಒಂದು ಸ್ಪ್ರಿಂಗ್ ಏರ್ ರೈಫಲ್ ಕೂಡ ಇದೆ, ಅದರಲ್ಲೂ ಡ್ರೈ ಫೈರ್ ಮಾಡಬಹುದಾ?

ಒಂಟಿಕೊಪ್ಪಲ್ ವಾಸಿ

ಮೊದಲು ಸ್ಪ್ರಿಂಗ್ ರೈಫಲ್ ಮಾತು ಮುಗಿಸಿಬಿಡೋಣ ಸಾರ್: ಬೇಡವೇ ಬೇಡ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಪೆಲೆಟ್ (ಏರ್ ಗನ್ ಗುಂಡು) ಅಡ್ಡ ಇರೋದ್ರಿಂದ ಗಾಳಿ ಒತ್ತಿಕೊಂಡು ಮೆತ್ತೆ ಥರ ನಿಲ್ಲುತ್ತೆ. ಪೆಲೆಟ್ ಇಲ್ಲದಿದ್ರೆ ಗಾಳಿ ಸೀದಾ ಹೊರಗೆ, ಪಿಸ್ಟನ್ ಹೋಗಿ ಸಿಲಿಂಡರ್ ತುದಿಗೆ ಗುದ್ದುತ್ತೆ. ಸೀಲ್ ಹಾಳಾಗುತ್ತೆ, ಆಮೇಲೆ ಸ್ಪ್ರಿಂಗ್. ಗ್ಯಾಸ್ ಪಿಸ್ಟನ್ ಗನ್ನಿಗೂ ಇದೇ ಮಾತು.

ನಿಮ್ಮ ಪಿಸಿಪಿ ಮ್ಯಾಚ್ ಪಿಸ್ತೂಲಾದ್ರೆ ಅದಕ್ಕೇ ಅಂತ ಡ್ರೈ ಫೈರ್ ವ್ಯವಸ್ಥೆ ಇರುತ್ತೆ, ಟ್ರಿಗರ್ ಮಾತ್ರ ಸೆಟ್ ಆಗುತ್ತೆ, ವಾಲ್ವ್ ತೆರೆಯಲ್ಲ. ಹೇಗೆ ಅಂತ ಆ ಮಾಡೆಲ್ ಪುಸ್ತಕದಲ್ಲೇ ನೋಡಿ, ಒಂದೊಂದು ಕಂಪನಿದು ಒಂದೊಂದು ಥರ.

ಶುರು ಮಾಡೋ ಮುಂಚೆ ಪೆಲೆಟ್ ಡಬ್ಬಿ ಬೇರೆ ರೂಮಲ್ಲಿಡಿ. ಬೀರುವಿನ ಮೇಲಲ್ಲ, ಬೇರೆ ರೂಮಲ್ಲಿ. ತುಂಬಿದ ಸಿಲಿಂಡರ್ ಬಿಚ್ಚಿ. ಒಳಗೆ ಉಳಿದ ಗಾಳಿ ಹೋಗಲಿ ಅಂತ, ಬ್ಯಾರಲ್ ಖಾಲಿ ಅಂತ ಕಣ್ಣಾರೆ ನೋಡಿದ ಮೇಲೆ, ನೆಲದ ಕಡೆ ಹಿಡಿದು ಒಂದೆರಡು ಸಲ ಟ್ರಿಗರ್ ಒತ್ತಿ. ಖಾಲಿ ಸಿಲಿಂಡರ್ ಒಂದಿದ್ರೆ ಅದನ್ನ ಹಾಕಿಕೊಳ್ಳಿ, ಇಲ್ಲದಿದ್ರೆ ಮುಂಭಾಗ ಹಗುರವಾಗಿ ಹೋಲ್ಡೇ ಬೇರೆ ಆಗಿಬಿಡುತ್ತೆ. ಗುರಿ ಇಡೋ ಗೋಡೆ ಹಿಂದೆ ಮಕ್ಕಳ ರೂಮೋ ರಸ್ತೆ ಕಿಟಕಿಯೋ ಇರಬಾರದು. ಪರದೆ ಎಳೆಯಿರಿ, ಎದುರು ಮನೆಯವರು ಗಾಬರಿಯಾಗಿ 112ಕ್ಕೆ ಫೋನ್ ಮಾಡಿದ್ರೆ ತಪ್ಪು ಅವರದಲ್ಲ.

ಈಗ ಟಾರ್ಗೆಟ್. ನಿಜವಾದ ಪಿಸ್ತೂಲ್ ಟಾರ್ಗೆಟ್‌ನ ಕಪ್ಪು ಭಾಗ 59.5 ಮಿ.ಮೀ. 12 ಅಡಿ ಅಂದ್ರೆ 3.66 ಮೀಟರ್, ನಿಮ್ಮ ಬೆನ್ನ ಹಿಂದೆ ಒಂದಿಷ್ಟು ಜಾಗ ಬಿಟ್ರೆ ಕಣ್ಣಿಂದ ಗೋಡೆಗೆ 3 ಮೀಟರ್ ಸಿಗುತ್ತೆ. 10 ಮೀಟರ್ ಬದಲು 3 ಮೀಟರ್ ಆದ್ದರಿಂದ ಕಪ್ಪೂ ಹತ್ತರಲ್ಲಿ ಮೂರು ಪಾಲು, ಅಂದ್ರೆ 17.85 ಮಿ.ಮೀ. ಬಿಳಿ ಹಾಳೆ ಮೇಲೆ ಕೈವಾರದಲ್ಲಿ 9 ಮಿ.ಮೀ. ತ್ರಿಜ್ಯದ ವೃತ್ತ ಎಳೆದು ಕಪ್ಪು ತುಂಬಿದ್ರೆ ಸಾಕು. ಪ್ರಿಂಟ್ ಹಾಕಿಸೋದಾದ್ರೆ ಅಳತೆ 100 ಪರ್ಸೆಂಟ್ ಅಂತ ಹೇಳಿ, ಜೆರಾಕ್ಸ್ ಅಂಗಡಿಯವರು ಪೇಜ್‌ಗೆ ಹೊಂದಿಸಿ ದೊಡ್ಡದೋ ಚಿಕ್ಕದೋ ಮಾಡಿರ್ತಾರೆ. ಮನೆಗೆ ತಂದು ಸ್ಕೇಲ್ ಇಟ್ಟು ನೋಡಿ.

ಎಲ್ಲರೂ ಎಡವೋದು ಎತ್ತರದಲ್ಲಿ. ರೇಂಜಲ್ಲಿ 140 ಸೆಂ.ಮೀ. ಅಂತ ಮನೇಲೂ 140ಕ್ಕೇ ಅಂಟಿಸ್ತಾರೆ. ಕಣ್ಣಿನ ಎತ್ತರ 160 ಅಂತ ಇಟ್ಕೊಳ್ಳಿ. ರೇಂಜಲ್ಲಿ 10 ಮೀಟರ್ ದೂರಕ್ಕೆ 20 ಸೆಂ.ಮೀ. ಇಳಿಜಾರು. ಮನೇಲಿ 3 ಮೀಟರಿಗೆ 6 ಸೆಂ.ಮೀ. ಮಾತ್ರ ಇಳಿಬೇಕು, ಅಂದ್ರೆ ಟಾರ್ಗೆಟ್ 154ರಲ್ಲಿ. 140ಕ್ಕೇ ಅಂಟಿಸಿದ್ರೆ ವಾರದ ಆರೂ ದಿನ ತೋಳು ಕೆಳಗೆ ಇಳಿಸೋದನ್ನ ಅಭ್ಯಾಸ ಮಾಡಿದ ಹಾಗಾಯ್ತು.

ಖಾಲಿ ಗೋಡೆ

ಮೇಲಿನವರು ಹೇಳಿದ ಲೆಕ್ಕ ಸರಿ ಇದೆ. ಆದ್ರೆ ನಿಮ್ಮ ಏಳು ಗಂಟೆ ರೋಗಕ್ಕೆ ಮೊದಲ ಎರಡು ವಾರ ಟಾರ್ಗೆಟ್ಟೇ ಬೇಡ ಅಂತೀನಿ. ಬಲಗೈಯವರಿಗೆ ಎಡ ಕೆಳಗೆ ಹೋಗುತ್ತೆ ಅಂದ್ರೆ ಬಹುತೇಕ ಟ್ರಿಗರ್ ಕಥೆ: ಕಪ್ಪಿನ ಕೆಳಗೆ ಸೈಟ್ (ಗುರಿ ಹಿಡಿಯೋಕೆ ಬ್ಯಾರಲ್ ಮೇಲಿರೋ ಮುಂದಿನ ಮುಳ್ಳು, ಹಿಂದಿನ ಕಚ್ಚು) ಚೆಂದ ಕಂಡ ತಕ್ಷಣ ‘ಈಗ’ ಅಂತ ಬೆರಳು ಕಿತ್ತುಕೊಳ್ಳುತ್ತೆ, ಜೊತೆಗೆ ಉಳಿದ ಮೂರು ಬೆರಳೂ ಹಿಂಡುತ್ತೆ. ಕಪ್ಪು ಇಲ್ಲದಿದ್ರೆ ‘ಈಗ’ ಅನ್ನೋಕೆ ಏನೂ ಇರಲ್ಲ. ಇನ್ನೊಂದು, 3 ಮೀಟರಲ್ಲಿ ಟಾರ್ಗೆಟ್ 10 ಮೀಟರಿಗಿಂತ ಸ್ಪಷ್ಟ ಕಾಣುತ್ತೆ, ಕಣ್ಣು ಫ್ರಂಟ್ ಸೈಟ್ ಬಿಟ್ಟು ಅಲ್ಲಿಗೇ ಓಡುತ್ತೆ.

ಬೋಳು ಗೋಡೆ ಮುಂದೆ ನಿಂತು ಕಣ್ಣು ಮುಚ್ಚಿ ತೋಳು ಎತ್ತಿ, ಕಣ್ಣು ಬಿಡಿ. ಫ್ರಂಟ್ ಸೈಟ್ ರಿಯರ್ ಸೈಟಿನ ಮಧ್ಯ ಇಲ್ಲದಿದ್ರೆ ಗ್ರಿಪ್ ಸರಿ ಕೂತಿಲ್ಲ, ಮಣಿಕಟ್ಟು ತಿರುಗಿಸಿ ಸರಿಮಾಡಬೇಡಿ, ಗ್ರಿಪ್ ಮತ್ತೆ ಹಿಡಿಯಿರಿ. ಮುಂದೆ ಟಾರ್ಗೆಟ್ ಹಾಕಿದಾಗ ಇಡೀ ತೋಳು ಎಡಕ್ಕೋ ಬಲಕ್ಕೋ ನಿಂತ್ರೆ ಹಿಂದಿನ ಕಾಲು ಒಂಚೂರು ಸರಿಸೋದು.

ಟ್ರಿಗರ್ ಮೇಲೆ ಮೊದಲ ಗೆಣ್ಣಿನ ಮುಂದಿನ ಮೆತ್ತನೆ ಭಾಗ ಮಾತ್ರ. ಬೆರಳಿನ ಪಕ್ಕ ಗ್ರಿಪ್‌ಗೆ ತಾಗಬಾರದು, ತಾಗಿದ್ರೆ ಒತ್ತುವಾಗ ಅದೇ ಪಿಸ್ತೂಲನ್ನ ತಳ್ಳುತ್ತೆ. ತೋಳು ಇಳಿಸ್ತಾ ಬರುವಾಗಲೇ ಮೊದಲ ಹಂತದ ಒತ್ತಡ ತಗೊಂಡಿರಿ. ಸೈಟ್ ನೆಟ್ಟಗಾದ ಮೇಲೆ ಆರರಿಂದ ಎಂಟು ಸೆಕೆಂಡಲ್ಲಿ ಬಿಡುಗಡೆ ಆಗಬೇಕು. ಆಗಲಿಲ್ವಾ, ತೋಳು ಇಳಿಸಿ. ಈ ಇಳಿಸೋದೂ ಅಭ್ಯಾಸವೇ, ಸೋಲಲ್ಲ. ಬಿಡುಗಡೆ ಆದ ಮೇಲೂ ಎರಡು ಸೆಕೆಂಡ್ ಬೆರಳು ಅಲ್ಲೇ, ಕಣ್ಣು ಸೈಟ್ ಮೇಲೇ. ‘ಟಿಕ್’ ಅಂದಾಗ ಫ್ರಂಟ್ ಸೈಟ್ ಎತ್ತ ಹಾರಿತು ಅಂತ ಬಾಯಿ ಬಿಟ್ಟು ಹೇಳಿ. ಹೇಳೋಕಾಗದಿದ್ರೆ ನೀವು ನೋಡಿಲ್ಲ ಅಂತ ಅರ್ಥ.

ದಿನಕ್ಕೆ ಬರೀ ಹೋಲ್ಡ್ 10, ಟ್ರಿಗರ್ ಸಮೇತ 25 ಸಾಕು. ಅರ್ಧ ಗಂಟೆ. ಮಧ್ಯೆ ಮಧ್ಯೆ ಪಿಸ್ತೂಲ್ ಟೇಬಲ್ ಮೇಲಿಟ್ಟು ಒಂದು ನಿಮಿಷ ಬಿಡುವು. ಭುಜ ಸೋತ ಮೇಲೆ ಮಾಡೋ ನೂರು ಸಲ ನೂರು ಕೆಟ್ಟ ಏಟಿನ ಅಭ್ಯಾಸ.

ಒಂಟಿಕೊಪ್ಪಲ್ ವಾಸಿ

ಎರಡು ವಾರ ಪೂರ್ತಿ ಗೋಡೆ ಅನ್ನೋದು ಜಾಸ್ತಿ ಆಯ್ತು ಗುರುಗಳೇ. ದಿನದ 25ರಲ್ಲಿ ಕೊನೆ ಐದು ಸಲ ಟಾರ್ಗೆಟ್ ಮೇಲೆ ಇರಲಿ. ಇಲ್ಲದಿದ್ರೆ ಭಾನುವಾರ ಕಪ್ಪು ಕಂಡ ತಕ್ಷಣ ಹಳೇ ಚಾಳಿ ವಾಪಸ್.

ಕುವೆಂಪುನಗರ ಎಡಗೈ

ನಾಣ್ಯದ ಬಗ್ಗೆ ಯಾರೂ ಹೇಳಲಿಲ್ಲ. ದೊಡ್ಡ ತಪ್ಪು ಹಿಡಿಯೋಕೆ ಅದು ಸರಿ, ಟ್ರಿಗರ್ ಕಿತ್ತರೆ ನಾಣ್ಯ ಬೀಳುತ್ತೆ. ಆದ್ರೆ ಮಣಿಕಟ್ಟು ಒಂಚೂರು ಬಾಗಿದ್ದು ಅದಕ್ಕೆ ಗೊತ್ತಾಗಲ್ಲ, ನಿಮ್ಮ 7-8 ಬರೋದು ಅಂಥ ಅಲುಗಾಟದಿಂದಲೇ. ಜೊತೆಗೆ ಗಮನ ಸೈಟ್ ಬಿಟ್ಟು ನಾಣ್ಯದ ಮೇಲೆ ಹೋಗುತ್ತೆ. ಅದರ ಬದಲು ಮೊಬೈಲನ್ನ ಪಕ್ಕದಲ್ಲಿ, ಬ್ಯಾರಲ್ ಎತ್ತರಕ್ಕೆ ನಿಲ್ಲಿಸಿ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಬಿಡುಗಡೆ ಕ್ಷಣಕ್ಕೆ ಮೂತಿ ಎತ್ತ ಅದುರಿತು ಅಂತ ಕಾಣುತ್ತೆ. ಸ್ಕ್ಯಾಟ್ (ಬ್ಯಾರಲ್ ಅಲುಗಾಟವನ್ನ ಕಂಪ್ಯೂಟರಲ್ಲಿ ತೋರಿಸೋ ಉಪಕರಣ) ಇದ್ರೆ ಇನ್ನೂ ಒಳ್ಳೇದು, ಆದ್ರೆ ಅದಕ್ಕೆ ದುಡ್ಡು ಸುರಿಯೋದು ಆಮೇಲೆ.

ಟ್ರಿಗರ್ ತೂಕ ಮನೇಲಿ ಹಗುರ ಮಾಡಿಕೊಳ್ಳಬೇಡಿ. ನಿಯಮ ಕನಿಷ್ಠ 500 ಗ್ರಾಂ. ಬ್ಯಾರಲ್ ನೆಟ್ಟಗೆ ಮೇಲಕ್ಕೆ ಹಿಡಿದು 500 ಗ್ರಾಂ ತೂಕವನ್ನ ಟ್ರಿಗರ್‌ಗೆ ನೇತುಹಾಕಿ ಎತ್ತಿದಾಗ ಬಿಡುಗಡೆ ಆಗಬಾರದು. ಮ್ಯಾಚ್‌ಗೆ ಹೇಗಿದೆಯೋ ಮನೇಲೂ ಹಾಗೇ. ಟ್ಯೂಬ್‌ಲೈಟ್ ಒಂದೇ ಸಾಲಲ್ಲ, ಒಂದು ಟೇಬಲ್ ಲ್ಯಾಂಪನ್ನ ಗೋಡೆ ಕಡೆ ತಿರುಗಿಸಿ, ಸೈಟಿನ ಅಂಚು ಚೂಪಾಗಿ ಕಾಣುತ್ತೆ.

ಮುಂದೆ ಯಾವತ್ತಾದ್ರೂ 25 ಮೀಟರ್‌ಗೆ ಹೋಗಿ .22 (ಮದ್ದಿನ ಗುಂಡು ಹಾರಿಸೋ ಪಿಸ್ತೂಲ್) ಹಿಡಿದ್ರೆ ಈ ಧೈರ್ಯ ಬೇಡ. ಬರಿ ಚೇಂಬರ್‌ನಲ್ಲಿ ಟ್ರಿಗರ್ ಒತ್ತಿದ್ರೆ ಫೈರಿಂಗ್ ಪಿನ್ ಚೇಂಬರ್ ಅಂಚಿಗೆ ಹೊಡೆದು ಗಾಯ ಮಾಡಬಹುದು, ಸ್ನ್ಯಾಪ್ ಕ್ಯಾಪ್ (ಪಿನ್ ಪೆಟ್ಟು ತಡೆಯೋ ನಕಲಿ ಗುಂಡು) ಹಾಕಲೇಬೇಕು.

ಸಕ್ಕರೆನಾಡು10

ಬಹಳ ಉಪಕಾರ ಆಯ್ತು. ಸ್ಪ್ರಿಂಗ್ ರೈಫಲ್ ಒಳಗಿಟ್ಟೆ. ಈಗ ಅಳೆದೆ, ಕಣ್ಣಿನ ಎತ್ತರ 152. ಹಾಗಾದ್ರೆ ಟಾರ್ಗೆಟ್ 148ಕ್ಕಾ?

ಒಂಟಿಕೊಪ್ಪಲ್ ವಾಸಿ

152ರಲ್ಲಿ 140 ಕಳೆದ್ರೆ 12, ಅದರ ಹತ್ತರಲ್ಲಿ ಮೂರು ಪಾಲು 3.6. ಕಪ್ಪಿನ ಮಧ್ಯ 148.4ರಲ್ಲಿ, 148 ಅಂತ ಪೆನ್ಸಿಲ್ ಗುರುತು ಹಾಕಿದ್ರೂ ನಡೆಯುತ್ತೆ. ರೇಂಜಲ್ಲಿ ಹಾಕೋ ಶೂ ಹಾಕಿಕೊಂಡೇ ಅಳೆದ್ರಾ, ಇಲ್ಲ ಬರಿಗಾಲಲ್ಲಾ? ಬರಿಗಾಲಲ್ಲಿ ಆದ್ರೆ ಇನ್ನೊಂದ್ಸಲ ಅಳೆಯಿರಿ, ಅಭ್ಯಾಸವೂ ಆ ಶೂನಲ್ಲೇ ಮಾಡಿ.