ಅಂಗಡೀಲಿ ಚೆನ್ನಾಗಿ ಹೊಲಿಯೋ ಮಷಿನ್ ಮನೇಲಿ ಮಾತ್ರ ಕೆಳಗಡೆ ದಾರ ಗಂಟು ಹಾಕುತ್ತೆ (10ಕ್ಕೆ 9 ರೂಮು, ಜಾಗ ಇಲ್ಲ)

ಮಾಳಿಗೆಮನೆ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ. ನಾನು ಮನೇಲೇ ಬ್ಲೌಸ್ ಹೊಲಿಯೋದು, ಸೀರೆಗೆ ಫಾಲ್ ಪಿಕೋ ಮಾಡೋದು, ಹೀಗೇ ಅಕ್ಕಪಕ್ಕದವರಿಂದ ಶುರುವಾಗಿ ಈಗ ತಿಂಗಳಿಗೆ ಒಂದಿಪ್ಪತ್ತು ಬ್ಲೌಸ್ ಬರುತ್ತೆ. ಅಮ್ಮನ ಮನೇಲಿದ್ದಾಗ ಹಾಲ್‌ನಲ್ಲಿ ಆರಾಮಾಗಿ ಮಾಡ್ತಿದ್ದೆ. ಈಗ ಹನುಮಂತನಗರದಲ್ಲಿ 2ನೇ ಮಾಳಿಗೇಲಿ ಬಾಡಿಗೆ ಮನೆ, ಬೆಡ್‌ರೂಮ್ 10ಕ್ಕೆ 9, ಮಂಚ ಬೀರು ಎರಡೂ ಇಟ್ಟ ಮೇಲೆ ಉಳಿದಿದ್ದು ಕಿಟಕಿ ಹತ್ರ ಮೂರಡಿ ಮೂಲೆ, ಅದರ ಮೇಲೊಂದು ಗೋಡೆ ಶೆಲ್ಫು. ಅಲ್ಲಿ ಮಡಚೋ ಟೇಬಲ್ ಹಾಕಿ ಮಷಿನ್ ಇಟ್ಕೊಂಡಿದೀನಿ. ಕಟಿಂಗ್ ಎಲ್ಲ ಮಂಚದ ಮೇಲೆ ಪ್ಲೈವುಡ್ ಹಾಕಿ ಮಾಡೋದು, ರಾತ್ರಿ ಪ್ಲೈವುಡ್ ಮಂಚದ ಕೆಳಗೆ.

ಮಷಿನ್ ಝಿಗ್‌ಝಾಗ್ ಬರೋ ಬಿಳೀ ಪೋರ್ಟಬಲ್ ಮಷಿನ್, ಮುಂದಗಡೆಯಿಂದ ಬಾಬಿನ್ ಕೇಸ್ (ಕೆಳಗಿನ ದಾರದ ಡಬ್ಬಿ) ಹಾಕೋದು. ಪ್ರಾಬ್ಲಮ್ ಏನಂದ್ರೆ ಹತ್ತು ಹನ್ನೆರಡು ಇಂಚು ನೀಟಾಗಿ ಹೊಲಿಯುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಕಟಕಟ ಅಂತ ಸೌಂಡು, ಬಟ್ಟೆ ತಿರುಗಿಸಿ ನೋಡಿದ್ರೆ ಕೆಳಗಡೆ ದಾರ ಹಕ್ಕಿಗೂಡಿನ ಥರ. ನಿನ್ನೆ ಒಬ್ಬರ ಮೈಸೂರು ಸಿಲ್ಕ್ ಬ್ಲೌಸ್ ಆರ್ಮ್‌ಹೋಲ್ ಹತ್ರ ಹಿಂಗೇ ಆಗಿ ಬಿಚ್ಚೋವಾಗ ಬಟ್ಟೆ ಎಳೆ ಎದ್ದುಬಿಡ್ತು, ಅಳು ಬಂತು ನಿಜವಾಗ್ಲೂ. ರಿಪೇರಿಗೆ ಕೊಟ್ಟೆ, ಅವ್ರು ಕ್ಲೀನ್ ಮಾಡಿ ಎಣ್ಣೆ ಬಿಟ್ಟು ಟೆನ್ಷನ್ (ದಾರದ ಬಿಗಿ) ಸರಿಮಾಡಿ 650 ತಗೊಂಡ್ರು, ನನ್ನೆದುರಿಗೇ ಡಬಲ್ ಬಟ್ಟೆ ಮೇಲೆ ಸ್ಪೀಡಾಗಿ ಓಡಿಸಿ ತೋರಿಸಿದ್ರು, ಒಂದು ಗಂಟೂ ಇಲ್ಲ. ಮನೆಗೆ ತಂದು ಕೂತೆ, ಅರ್ಧ ಗಂಟೇಲಿ ಮತ್ತೆ ಅದೇ ಕಥೆ. ಶ್ರಾವಣ ಹತ್ರ ಬಂತು, ವರಮಹಾಲಕ್ಷ್ಮಿ ಹಬ್ಬದ ಬ್ಲೌಸು ಹನ್ನೊಂದು ಪೀಸ್ ಕೈಲಿದೆ. ಇನ್ನೊಂದು ವಿಷಯ, ಕೆಳಗಿನ ಮನೆಯವ್ರು ರಾತ್ರಿ ಗ್ರೈಂಡರ್ ಹಾಕ್ತೀರಾ ಅಂತ ಕೇಳಿದ್ರು. ಅದಕ್ಕೂ ಏನಾದ್ರೂ ಉಪಾಯ ಇದ್ರೆ ಹೇಳಿ.

ಹಳೇಕತ್ತರಿ:
ಕೆಳಗಡೆ ಗಂಟು ಬಂದ್ರೆ ಎಲ್ಲರೂ ಬಾಬಿನ್ ಬೈತಾರೆ. ತಪ್ಪು 10ರಲ್ಲಿ 9 ಸಲ ಮೇಲಿನ ದಾರದ್ದು. ಮೇಲಿನ ದಾರಕ್ಕೆ ಬಿಗಿ ಸಿಗದೇ ಇದ್ರೆ ಕೆಳಗಿಂದ ವಾಪಸ್ ಎಳಕೊಳ್ಳೋಕೆ ಆಗಲ್ಲ, ಅದು ಕೆಳಗೇ ಗುಡ್ಡೆ ಬೀಳುತ್ತೆ ಅಷ್ಟೆ. ದಾರ ಹಾಕೋವಾಗ ಬಟ್ಟೆ ಒತ್ತಿ ಹಿಡಿಯೋ ಫೂಟ್ ಎತ್ತಿದೀರಾ? ಫೂಟ್ ಇಳಿಸಿ ದಾರ ಹಾಕಿದ್ರೆ ಟೆನ್ಷನ್ ಬಿಲ್ಲೆಗಳು ಮುಚ್ಕೊಂಡಿರ್ತವೆ, ದಾರ ಒಳಗೆ ಕೂರೋದೇ ಇಲ್ಲ, ಮೇಲೆ ಮೇಲೆ ತೇಲ್ತಾ ಇರುತ್ತೆ. ಆಮೇಲೆ ಸೂಜಿ ಯಾವುದು? ಬಾಬಿನ್ ಕೇಸ್ ದಾರದಲ್ಲಿ ನೇತಾಡಿಸಿ ನೋಡಿ, ಸುಮ್ನೆ ಹಿಡಿದ್ರೆ ನಿಂತಿರಬೇಕು, ಮಣಿಕಟ್ಟು ಸ್ವಲ್ಪ ಜಗ್ಗಿದ್ರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಜರ್‍ರಂತ ನೆಲಕ್ಕೆ ಬಂದ್ರೆ ಲೂಸ್, ಅಲ್ಲಾಡದೇ ಇದ್ರೆ ಟೈಟ್.

ಮಾಳಿಗೆಮನೆ:
ಫೂಟ್ ಎತ್ತೇ ಹಾಕೋದು ಸರ್, ಅದು ನಂಗೆ ಅಭ್ಯಾಸ. ಬಾಬಿನ್ ಕೇಸ್ ನೀವು ಹೇಳ್ದಂಗೇ ನಿಂತು ನಿಂತು ಇಳೀತು. ಸೂಜಿ 14 ನಂಬರು, ಹೋದ ವಾರ ಚಿಕ್ಕಪೇಟೆಯಿಂದ ತಂದಿದ್ದು.

ಹಳೇಕತ್ತರಿ:
ಮೈಸೂರು ಸಿಲ್ಕಿಗೆ 14 ದಪ್ಪ ಆಯ್ತು, 11 ಹಾಕಿ. 14 ಕಾಟನ್ ಲೈನಿಂಗ್ ಇರೋ ದಪ್ಪ ಬ್ಲೌಸಿಗೆ ಇರಲಿ. ಇನ್ನೊಂದು ನೋಡಿ, ಅಂಗಡೀಲಿ ಕೇಳ್ದೇ ಪವರ್ ಮಷಿನ್ (ಫ್ಯಾಕ್ಟರಿ ಮಷಿನ್) ಸೂಜಿ ಕೊಟ್ಟಿರ್ತಾರೆ. ಮನೆ ಮಷಿನ್ ಸೂಜಿಗೆ ಬುಡದಲ್ಲಿ ಒಂದು ಕಡೆ ಚಪ್ಪಟೆ ಇರುತ್ತೆ, ಪ್ಯಾಕೆಟ್ ಮೇಲೆ ಎಚ್ಎ ಇಂಟು 1 ಅಂತಿರುತ್ತೆ. ಪವರ್ ಮಷಿನ್ನಿಂದು ಡಿಬಿ ಇಂಟು 1, ಬುಡ ಪೂರ್ತಿ ಗುಂಡಗೆ, ಸ್ವಲ್ಪ ಸಣ್ಣ ಕೂಡ. ಅದನ್ನ ಸ್ಕ್ರೂ ಬಿಗಿದು ಕೂರಿಸಿಬಿಟ್ರೆ ಕೂತಂಗೇ ಕಾಣುತ್ತೆ, ಹೊಲಿಗೆ ಮಾತ್ರ ಹಾರುತ್ತೆ.

ಮಾಳಿಗೆಮನೆ:
ಚಪ್ಪಟೆ ಇದೆ, ಪ್ಯಾಕೆಟ್ ಮೇಲೆ ಎಚ್ಎ ಅಂತಾನೇ ಇದೆ. 11 ಹೊಸದು ಹಾಕಿ ನೋಡ್ದೆ, ಆದ್ರೂ ಎರಡನೇ ಸೈಡ್ ಸೀಮ್‌ನಲ್ಲಿ ಗಂಟು 😭

ಕಡಲತೀರದಸೂಜಿ:
ನಮ್ಮ ಕಡೆ ಮಳೆಗಾಲದಲ್ಲಿ ಇದೇ ಕಾಟ ಉಂಟು ಮಾರಾಯ್ರೆ. ಸೂಜಿ ಮಷಿನ್ನಲ್ಲೇ ಬಿಟ್ಟರೆ ವಾರದಲ್ಲಿ ತುಕ್ಕು ಹಿಡಿದು ದಾರ ತುಂಡಾಗ್ತದೆ. ಸೂಜಿ ಪ್ಲೇಟ್ ಬಿಚ್ಚಿ ಬಟ್ಟೆ ಎಳೆಯುವ ಹಲ್ಲಿನ ಸಂದಿ ಬ್ರಷ್ ಹಾಕಿದ್ದೀರಾ? ನನ್ನದರಲ್ಲಿ ಒಮ್ಮೆ ನಾಯಿ ಕೂದಲು ಸಿಕ್ಕಿತ್ತು, ನಮ್ಮಲ್ಲಿ ನಾಯಿಯೇ ಇಲ್ಲ.

ಹಳೇಕತ್ತರಿ:
ರಿಪೇರಿಯವ್ರು ಕ್ಲೀನ್ ಮಾಡಿದಾರೆ ಅಂತ ಬರೆದಿದಾರಲ್ಲ. ಮಾಳಿಗೆಮನೆ, ಇದೊಂದು ಮಾಡಿ. ಗಂಟು ಬಿತ್ತು ಅಂತ ಗೊತ್ತಾದ ಕ್ಷಣ ಪೆಡಲ್ ಬಿಡಿ, ಯಾವುದನ್ನೂ ಎಳೀಬೇಡಿ, ಕತ್ತರಿಸಬೇಡಿ. ಮೇಲೆ ಕೆಳಗೆ ಆಡೋ ಲಿವರ್ ಇದೆಯಲ್ಲ, ಅದರ ಕೊಕ್ಕೆಯೊಳಗೆ ದಾರ ಇದೆಯಾ ಇಲ್ವಾ ನೋಡಿ.

ಮಾಳಿಗೆಮನೆ:
ಸರ್!! ಇಲ್ಲ! ದಾರ ಲಿವರ್‌ನಿಂದ ಆಚೆ ಬಂದು ಪಕ್ಕದಲ್ಲಿ ಜೋಲಾಡ್ತಿದೆ. ಮೂರು ಸಲ ನೋಡ್ದೆ, ಮೂರು ಸಲಾನೂ ಹಂಗೇ. ಕೈಯಲ್ಲಿ ಚಕ್ರ ತಿರುಗಿಸಿ ನಿಧಾನ ಹೊಲಿದ್ರೆ ಆಚೆ ಬರಲ್ಲ. ಸ್ಪೀಡ್ ಕೊಟ್ರೆ ಮಾತ್ರ. ಲಿವರ್ ಸವೆದಿದ್ಯಾ? ಹೊಸದು ಎಷ್ಟಾಗುತ್ತೆ?

ಹಳೇಕತ್ತರಿ:
ಪೋರ್ಟಬಲ್ ಮಷಿನ್ ಲಿವರ್ ಕಣ್ಣು ಪೂರ್ತಿ ಮುಚ್ಚಿರಲ್ಲ, ಬಾಯಿ ಬಿಟ್ಟ ಕೊಕ್ಕೆ ಥರ ಇರುತ್ತೆ, ದಾರ ಬೇಗ ಹಾಕ್ಲಿ ಅಂತ. ದಾರ ಸಡಿಲ ಆಗಿ ಚಿಮ್ಮಿದ್ರೆ ಆ ಬಾಯಿಂದ ಜಾರುತ್ತೆ. ಸವೆದಿರೋಕೂ ಸಾಧ್ಯ, ಆದ್ರೆ ಅಂಗಡೀಲಿ ಸ್ಪೀಡಲ್ಲೂ ಓಡ್ತಲ್ಲ, ಅದೇ ನನ್ನ ತಲೇಲಿ ಕೂತಿದೆ.

ಕುಣಿಮಗ್ಗ:
ಅಕ್ಕಾರ, ನಾ ಬೆಟಗೇರಿಯಾಂವ, ಹೊಲಿಗಿ ಮಷಿನ್ ಬಗ್ಗೆ ನನಗ ಅಷ್ಟು ಗೊತ್ತಿಲ್ಲ, ನಮ್ಮದು ನೇಕಾರ ಮನಿ. ಒಂದ ಪ್ರಶ್ನಿ ಕೇಳ್ತೀನಿ. ದಾರ ಎಲ್ಲಿಂದ ಬರಾಕತ್ತೈತಿ? ಅಂದ್ರ ಉಂಡಿ ಎಲ್ಲಿ ಇಟ್ಟೀರಿ? ಇಷ್ಟೊತ್ತಿನ ತನಕಾ ಮಷಿನ್ ಒಳಗಿನ ದಾರದ ಬಗ್ಗೆನ ಮಾತಾಡಾಕತ್ತೀವಿ, ಮಷಿನ್ ಮುಟ್ಟೂಕಿಂತ ಮದಲಿನ ದಾರದ ಬಗ್ಗೆ ಯಾರೂ ಕೇಳವಲ್ರು. ನಮ್ಮಜ್ಜಿ ರಾಟಿ ಮ್ಯಾಗ ಕಂಡಿಕಿ (ನೂಲಿನ ಸಣ್ಣ ಸುರುಳಿ) ಸುತ್ತುವಾಗ ಎಳಿ ಹರದ್ರ ಮದಲ ಹಿಂದ ನೋಡಾಕಿ, ಮುಂದ ಅಲ್ಲ.

ಮಾಳಿಗೆಮನೆ:
ಅಯ್ಯೋ ಅದಾ. ನಾನು ದೊಡ್ಡ ಕೋನ್ ದಾರ ತರೋದು, ಸಣ್ಣ ರೀಲು ದುಬಾರಿ ಬೀಳುತ್ತೆ. ಕೋನ್ ಮಷಿನ್ ಕಡ್ಡಿ ಮೇಲೆ ಕೂರಲ್ಲ. ಅಮ್ಮನ ಮನೇಲಿ ನೆಲದ ಮೇಲೆ ಬಕೆಟ್‌ನಲ್ಲಿ ಇಟ್ಟು, ಗೋಡೆ ಮೊಳೆಗೆ ಒಂದು ಬಳೆ ನೇತುಹಾಕಿ ಅದರೊಳಗಿಂದ ದಾರ ತರ್ತಿದ್ದೆ. ಇಲ್ಲಿ ಮೊಳೆ ಹೊಡೆಯೋ ಹಂಗಿಲ್ಲ ಅಂತ ಓನರ್ ಮೊದಲೇ ಹೇಳಿದಾರೆ. ಅದಕ್ಕೆ ಮಷಿನ್ ಹಿಂದೆ ಗೋಡೆಗೂ ಮಷಿನ್ನಿಗೂ ನಡುವೆ ಇರೋ ಸಂದಿಯಲ್ಲಿ ಒಂದು ಸ್ಟೀಲ್ ಲೋಟದಲ್ಲಿ ಕೋನ್ ಇಟ್ಟಿದೀನಿ. ಶೆಲ್ಫ್ ತಲೆ ಮೇಲೇ ಇರೋದ್ರಿಂದ ಮೇಲಕ್ಕೆ ಜಾಗ ಇಲ್ಲ. ಅಂಗಡಿಯವ್ರು ಅವರ ಸಣ್ಣ ರೀಲ್ ಹಾಕೇ ಓಡಿಸಿದ್ರು, ಈಗ ನೆನಪಾಯ್ತು.

ಕುಣಿಮಗ್ಗ:
ಸಿಕ್ಕಿತಲ್ರಿ. ಕೋನಿನ ದಾರ ತುದಿಯಿಂದ ನೆಟ್ಟಗ ಮ್ಯಾಲಕ್ಕ ಬಿಚ್ಚಬೇಕು. ನೀವು ಲೋಟದಾಗ ಇಟ್ಟು ಬಗ್ಗಿಸಿ ಅಡ್ಡಕ್ಕ ಎಳದ್ರ ಲೋಟದ ಕಂಠಕ್ಕ ತಿಕ್ಕತೈತಿ, ಹಿಡೀತೈತಿ, ಆಮ್ಯಾಲ ಒಮ್ಮಿಲೇ ಬಿಡತೈತಿ. ಬಿಟ್ಟಾಗ ಒಂದಿಷ್ಟ ದಾರ ಸಡಿಲಾಗಿ ಬಂದು ಬೀಳತೈತಿ. ನಿಧಾನಕ್ಕ ಹೊಲದ್ರ ಗೊತ್ತಾಗಂಗಿಲ್ಲ.

ಹಳೇಕತ್ತರಿ:
ಕುಣಿಮಗ್ಗ ಅವ್ರೆ ಕೈ ಮುಗಿದೆ. 30 ವರ್ಷದಿಂದ ಕತ್ತರಿ ಹಿಡಿದಿದೀನಿ, ಕೋನ್ ಎಲ್ಲಿದೆ ಅಂತ ಕೇಳ್ಬೇಕು ಅಂತ ಹೊಳೀಲೇ ಇಲ್ಲ.

ಮಾಳಿಗೆಮನೆ ಅವ್ರೆ, ಮೊಳೆ ಬೇಡ. ಕೋನ್ ಟೇಬಲ್ ಮೇಲೆ ಬೇಡ, ಕೆಳಗೆ ನೆಲಕ್ಕೆ ಇಳಿಸಿ, ಟೇಬಲ್ಲಿನ ಬಲಗಡೆ ಅಂಚಿನ ಪಕ್ಕ. ಡ್ರೈಕ್ಲೀನ್‌ನವ್ರು ಕೊಡೋ ತಂತಿ ಹ್ಯಾಂಗರ್ ಬಿಚ್ಚಿ ನೆಟ್ಟಗೆ ಮಾಡಿ, ಟೇಬಲ್ ಕಾಲಿಗೆ ಮೂರು ಕಡೆ ಟೇಪ್ ಸುತ್ತಿ ನಿಲ್ಲಿಸಿ, ಮೇಲಿನ ತುದೀನ ಪೆನ್ನಿಗೆ ಒಂದೂವರೆ ಸುತ್ತು ಸುತ್ತಿ ಹಂದಿಬಾಲ ಮಾಡಿ, ಹಂದಿಬಾಲ ಆದ್ರೆ ದಾರ ಸುಲಭವಾಗಿ ಒಳಗೆ ಹೋಗುತ್ತೆ, ಆಚೆ ಬರಲ್ಲ. ಆ ಸುರುಳಿ ಕೋನಿನ ನಡು ತುದಿಗೆ ಸರಿಯಾಗಿ ನೆತ್ತಿ ಮೇಲೆ ಬರಬೇಕು, ಇದು ಮುಖ್ಯ, ಪಕ್ಕಕ್ಕೆ ವಾಲಿದ್ರೆ ಮತ್ತೆ ಅದೇ ಕಥೆ. ಎತ್ತರ ಕೋನಿನ ಎರಡು ಪಟ್ಟಾದ್ರೂ ಇರಲಿ. ಅಲ್ಲಿಂದ ಮಷಿನ್ನಿನ ರೀಲ್ ಕಡ್ಡಿಗೆ ಒಂದು ಸೇಫ್ಟಿ ಪಿನ್ನನ್ನ ಸೆಲ್ಲೋಟೇಪಿನಲ್ಲಿ ಅಂಟಿಸಿ, ಪಿನ್ನಿನ ಕೆಳಗಿನ ಸುರುಳಿ ರಂಧ್ರ ಮೇಲೆ ಬರೋ ಹಾಗೆ, ಅದರೊಳಗಿಂದ ತಂದು ಆಮೇಲೆ ಎಂದಿನಂತೆ. ಟೆನ್ಷನ್ 4ಕ್ಕೆ ಇಟ್ಟು ಶುರು ಮಾಡಿ. ಇಷ್ಟು ದಿನ ತಿರುಗಿಸಿ ತಿರುಗಿಸಿ ಎಲ್ಲಿಗೋ ಹೋಗಿರುತ್ತೆ ಅದು.

ಕಡಲತೀರದಸೂಜಿ:
ಫ್ಯಾನ್ ಗಾಳಿ ನೋಡಿಕೊಳ್ಳಿ. ನೆಲದಿಂದ ದಾರ ಉದ್ದ ಬರ್ತದಲ್ಲ, ಹಾರಿ ಕುರ್ಚಿ ಕಾಲಿಗೆ ಸುತ್ತಿಕೊಳ್ತದೆ. ನಾನು ಕೋನನ್ನು ಹಳೇ ಪೆಟ್ ಬಾಟಲಿ ಮೇಲ್ಭಾಗ ಕತ್ತರಿಸಿ ಅದರೊಳಗೆ ಇಡುವುದು, ಅಂಚಿಗೆ ಟೇಪ್ ಹಾಕಿ ನುಣುಪು ಮಾಡಿ.

ಮಾಳಿಗೆಮನೆ:
(ಎರಡು ದಿನ ಬಿಟ್ಟು) ನಿನ್ನೆ ರಾತ್ರಿ ಮೂರು ಬ್ಲೌಸ್ ಮುಗಿಸಿದೆ. ಮೂರಕ್ಕೆ ಮೂರೂ ಕ್ಲೀನ್. ಪ್ರಿನ್ಸೆಸ್ ಕಟ್, ಅದರಲ್ಲೊಂದು ಪೈಪಿಂಗ್ ಬೇರೆ. ಹ್ಯಾಂಗರ್ ತಂತಿ ಮೊದಲು ಅಲ್ಲಾಡ್ತಿತ್ತು, ಕೆಳಗೆ ಒಂದು ಇಟ್ಟಿಗೆ ಅಡ್ಡ ಕೊಟ್ಟ ಮೇಲೆ ಸರಿಹೋಯ್ತು. ಒಂದೇ ಸಲ ದಾರ ಲಿವರ್‌ನಿಂದ ಹಾರಿದ್ದು, ಅದು ಕೋನ್ ಇಟ್ಟಿದ್ದ ಬಾಟಲ್‌ನ ಮಗ ಒದ್ದು. 650 ರೂಪಾಯಿ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ, ಹೋಗ್ಲಿ ಬಿಡಿ, ಎಣ್ಣೆಯಾದ್ರೂ ಬಿತ್ತು.

ಸೌಂಡಿನ ವಿಷಯ ಮಾತ್ರ ಹಂಗೇ ಇದೆ.

ಹಳೇಕತ್ತರಿ:
ಟೇಬಲ್ ಕಾಲು ಸೀದಾ ನೆಲದ ಮೇಲಿದ್ಯಾ? ಮಡಚೋ ಟೇಬಲ್ ಮೇಲ್ಹಲಗೆ ಎಷ್ಟೋ ಸಲ ಒಳಗೆ ಟೊಳ್ಳು, ಡೋಲಿನ ಥರ ಕೆಲಸ ಮಾಡುತ್ತೆ. ನಿಮ್ಮ ಕಟಿಂಗ್ ಪ್ಲೈವುಡ್‌ನಲ್ಲಿ ಮಷಿನ್ನಿಗೆ ಆಗೋಷ್ಟು ಒಂದು ತುಂಡು ಕತ್ತರಿಸಿ ಮಷಿನ್ ಕೆಳಗಿಡಿ, ಅದರ ಕೆಳಗೆ ಹಳೇ ಯೋಗ ಮ್ಯಾಟ್ ಎರಡು ಪದರ. ಟೇಬಲ್ಲಿನ ನಾಲ್ಕು ಕಾಲಿಗೂ ಅದೇ ಮ್ಯಾಟಿನ ತುಂಡು. ಟೇಬಲ್ ಗೋಡೆಗೆ ತಾಗಿಸಬೇಡಿ, ಎರಡು ಬೆರಳು ಸಂದಿ ಬಿಡಿ, ಗೋಡೆಗೆ ತಾಗಿದ್ರೆ ಸೌಂಡು ಗೋಡೆಗೂ ಹೋಗುತ್ತೆ. ಮೂಲೆ ಒಳ್ಳೇದೇ, ರೂಮಿನ ನಡುವಿಗಿಂತ ಕಂಬ ತೊಲೆ ಹತ್ರ ನೆಲ ಕಮ್ಮಿ ಅದುರುತ್ತೆ.

ಮಾಳಿಗೆಮನೆ:
ಪ್ಲೈವುಡ್ ಕತ್ತರಿಸಿದ್ರೆ ನಂಗೆ ಕಟಿಂಗ್‌ಗೆ ಎಲ್ಲಿ? ಬ್ಲೌಸ್ ಪೀಸೇ 80 ಸೆಂಟಿಮೀಟರ್ ಇರುತ್ತೆ ಸರ್.

ಕುಣಿಮಗ್ಗ:
ಅದನ್ನ ಕತ್ತರಿಸಬ್ಯಾಡ್ರಿ. ಅಡಿಗಿಮನ್ಯಾಗ ಹಳೇ ಚಪಾತಿ ಮಣಿ ಇದ್ರ ನೋಡ್ರಿ, ಚೌಕ ಇರೋದು, ದಪ್ಪ ಕಟ್ಟಿಗಿದು. ನಮ್ಮ ಮನ್ಯಾಗ ಮಗ್ಗಕ್ಕ ಅರ್ಧ ಮನಿ ಹೋಗೇತಿ, ಉಳದ ಅರ್ಧದಾಗ ಒಂದೊಂದ ಸಾಮಾನಿಗೆ ಎರಡೆರಡ ಕೆಲಸ ಇರ್ತಾವ.

ಮಾಳಿಗೆಮನೆ:
ಚಪಾತಿ ಮಣೆ ದುಂಡಗಿದೆ 😂 ಆದ್ರೆ ಅಮ್ಮನ ಮನೇಲಿ ಹಳೇ ಕೂರೋ ಮಣೆ ಇದೆ, ಹಲಸಿನ ಮರದ್ದು, ಭಾನುವಾರ ತರ್ತೀನಿ. ಯೋಗ ಮ್ಯಾಟ್ ಮನೇಲೇ ಇದೆ, ತಂದಾಗಿನಿಂದ ಯೋಗಕ್ಕಂತೂ ಬಳಸಿಲ್ಲ. ರಾತ್ರಿ ಹತ್ತರ ಮೇಲೆ ಸದ್ಯಕ್ಕೆ ಮಷಿನ್ ಬಿಟ್ಟು ಹುಕ್ಸು, ಸೀರೆ ಕುಚ್ಚು ಹಾಕೋ ಕೈಕೆಲಸ ಇಟ್ಕೊಂಡಿದೀನಿ. ಕೆಳಗಿನ ಮನೆಯವ್ರು ನಿನ್ನೆ ಮೆಟ್ಟಿಲಲ್ಲಿ ಸಿಕ್ಕಿದ್ರು, ಗ್ರೈಂಡರ್ ಅಲ್ಲ ಹೊಲಿಗೆ ಮಷಿನ್ ಅಂದೆ, ಹೌದಾ ಹಂಗಾದ್ರೆ ನಮ್ದೂ ಎರಡು ಬ್ಲೌಸ್ ಇದೆ ಅಂದ್ರು. ಈಗ ಒಟ್ಟು ಹದಿಮೂರು.