ಟ್ರೈಲರ್ ಬ್ರೇಕ್ ಕಂಟ್ರೋಲರ್ ವೈರಿಂಗ್: ಪೆಡಲ್ ಮುಟ್ಟದೇ ಇದ್ರೂ ಟ್ರೈಲರ್ ಬ್ರೇಕ್ ಹಿಡ್ಕೊಳ್ತಾ ಉಂಟು

ಸುಂಟಿಕೊಪ್ಪ ತೋಟ:
ಎಲ್ರಿಗೂ ನಮಸ್ಕಾರ. ಪಿಕಪ್ ಹಿಂದೆ ಕಟ್ಟೋಕೆ ಎರಡು ಚಕ್ರದ ಟ್ರೈಲರ್ ತಗೊಂಡಿದೀವಿ, ಆಕ್ಸಲ್‌ನಲ್ಲಿ ಅಮೆರಿಕ ಮಾದರಿ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ಉಂಟು. ಒಣಗಿದ ಕಾಫಿ ಚೆರಿ 50 ಕೇಜಿ ಮೂಟೆ 20 ಹಾಕಿದ್ರೆ ಮಾಲೇ ಒಂದು ಟನ್, ಅದನ್ನ ಕಟ್ಕೊಂಡು ಆನೆಕಾಡು ಇಳಿದು ಕುಶಾಲನಗರದಲ್ಲಿ ಕಾಫಿ ಸಿಪ್ಪೆ ತೆಗೆಯೋ ಕ್ಯೂರಿಂಗಿಗೆ ಹೋಗ್ಬೇಕು, ಸಂಜೆ ಹೊತ್ತು ಆ ರೋಡಲ್ಲಿ ಆನೆ ಅಡ್ಡ ಬಂದ್ರೆ ಗಾಡಿ ಬ್ರೇಕ್ ಒಂದನ್ನೇ ನಂಬೋಕೆ ನಂಗೆ ಧೈರ್ಯ ಇಲ್ಲ, ಅದಕ್ಕೇ ಬ್ರೇಕ್ ಕಂಟ್ರೋಲರ್ (ಪೆಡಲ್ ಒತ್ತಿದಾಗ ಟ್ರೈಲರ್ ಬ್ರೇಕಿಗೆ ಕರೆಂಟ್ ಕೊಡೋ ಪೆಟ್ಟಿಗೆ) ತರಿಸಿ ನಾನೇ ವೈರಿಂಗ್ ಮಾಡಿದೆ. ನಾಲ್ಕೇ ವೈರ್. ಕಪ್ಪು ಬ್ಯಾಟರಿ ಪ್ಲಸ್‌ಗೆ, ಬಿಳಿ ಡ್ಯಾಶ್ ಕೆಳಗಿನ ಒಂದು ಬೋಲ್ಟಿಗೆ, ನೀಲಿ ಹಿಂದೆ ಟ್ರೈಲರ್ ಬ್ರೇಕಿಗೆ, ಕೆಂಪು ಬ್ರೇಕ್ ಪೆಡಲ್ ಸ್ವಿಚ್ಚಿಗೆ. ಟೈಮ್ ಡಿಲೇ ಮಾದರಿ ಕಂಟ್ರೋಲರ್, ಅಂದ್ರೆ ಪೆಡಲ್ ಒತ್ತಿದ ಮೇಲೆ ಕರೆಂಟನ್ನ ಮೆಲ್ಲಗೆ ಏರಿಸ್ತಾ ಹೋಗೋದು.

ನಿನ್ನೆ ಖಾಲಿ ಟ್ರೈಲರ್ ಕಟ್ಟಿ ತೋಟದ ರೋಡಲ್ಲೇ ಒಂದೆರಡು ಕಿಲೋಮೀಟ್ರು ಓಡಿಸಿದೆ, ಗಾಡಿ ಎಳೆಯೋದೇ ಇಲ್ಲ, ಹಿಂದಿಂದ ಯಾರೋ ಹಿಡ್ಕೊಂಡ ಹಾಗೆ. ಇಳಿದು ನೋಡಿದ್ರೆ ಸುಟ್ಟ ವಾಸನೆ, ಡ್ರಮ್ ಮೇಲೆ ಬಾಟ್ಲಿ ನೀರು ಚಿಮುಕಿಸಿದ್ರೆ ಚುಂಯ್ ಅಂತ ಆವಿ ಆಗೋಯ್ತು. ಕಂಟ್ರೋಲರ್ ಲೈಟ್ ಪೆಡಲ್ ಬಿಟ್ರೂ ಉರೀತಾನೇ ಇರ್ತದೆ. ಪೆಟ್ಟಿಗೆನೇ ಕೆಟ್ಟಿದ್ಯಾ? ಇನ್ನೊಂದು, ಸಾಕೆಟ್ ಇನ್ನೂ ಹಾಕಿಲ್ಲ, ಸದ್ಯಕ್ಕೆ ಜಾಯಿಂಟ್ ಹೊಡೆದು ಟೇಪ್ ಸುತ್ತಿದೀನಿ. ಅಂಗಡೀಲಿ 7 ಪಿನ್ನಿನ ರೌಂಡ್ ಸಾಕೆಟ್ ಉಂಟಂತೆ, ಬಣ್ಣಕ್ಕೆ ಬಣ್ಣ ಸೇರಿಸಿದ್ರೆ ಸಾಕಲ್ವಾ?

ಕುಶಾಲನಗರ ಆಟೋ ಎಲೆಕ್ಟ್ರಿಕ್:
ಅಣ್ಣ, ಪೆಟ್ಟಿಗೆ ಕೆಟ್ಟಿರೋ ಹಾಗಿಲ್ಲ, ಕೆಂಪು ವೈರ್ ತಪ್ಪು ಕಡೆ ಸೇರಿದೆ. ಪೆಡಲ್ ಸ್ವಿಚ್ಚಿಗೆ ಎರಡು ವೈರ್ ಇರುತ್ತೆ. ಒಂದು ಫ್ಯೂಸಿಂದ ಬರೋದು, ಅದ್ರಲ್ಲಿ 12 ವೋಲ್ಟ್ ನಿಂತೇ ಇರುತ್ತೆ. ಇನ್ನೊಂದು ಹಿಂದಿನ ಬ್ರೇಕ್ ಲೈಟಿಗೆ ಹೋಗೋದು, ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ಬರುತ್ತೆ. ಕೆಂಪು ಈ ಎರಡನೇದಕ್ಕೇ ಸೇರ್ಬೇಕು. ನೀವು ಮೊದಲನೇದಕ್ಕೆ ಹಾಕಿದೀರ, ಡ್ರೈವರ್ ಬ್ರೇಕ್ ಒತ್ಕೊಂಡೇ ಇದಾನೆ ಅಂತ ಕಂಟ್ರೋಲರ್ ತಿಳ್ಕೊಂಡು ಡ್ರಮ್ ಒಳಗೆ ಬ್ರೇಕ್ ಹಿಡಿಸೋ ಮ್ಯಾಗ್ನೆಟ್ಟಿಗೆ ಕರೆಂಟ್ ಬಿಡ್ತಾನೇ ಇದೆ. ಟೆಸ್ಟ್ ಲ್ಯಾಂಪ್ ಕ್ಲಿಪ್ಪನ್ನ ಒಳ್ಳೆ ಅರ್ಥಿಗೆ ಹಾಕಿ, ಸೂಜಿ ತುದೀನ ಒಂದೊಂದೇ ವೈರಿಗೆ ಮುಟ್ಟಿಸಿ, ಪೆಡಲ್ ಒತ್ತಿ ಬಿಟ್ಟು ನೋಡಿ. ಒತ್ತಿದ್ರೆ ಉರಿದು ಬಿಟ್ರೆ ಆರಬೇಕು, ಅದೇ ನಿಮ್ಮ ವೈರ್. ಬಣ್ಣ ನೋಡಿ ಹಾಕ್ಬೇಡಿ.

ಬಿಳಿ ವೈರನ್ನ ಡ್ಯಾಶ್ ಬೋಲ್ಟಿಂದ ಬಿಚ್ಚಿ ಸೀದಾ ಬ್ಯಾಟರಿ ಮೈನಸ್ಸಿಗೆ ಎಳೀರಿ, ನಮ್ಮ ಮಳೇಲಿ ಬಾಡಿ ಅರ್ಥ್ ತುಕ್ಕು ಹಿಡಿದು ಕೈಕೊಡೋದು ನಾನು ದಿನಾ ನೋಡ್ತೀನಿ. ಕಪ್ಪು ವೈರಿಗೆ ಬ್ಯಾಟರಿ ಪಕ್ಕದಲ್ಲೇ 20 ಆಂಪ್ಸ್ ಸರ್ಕ್ಯೂಟ್ ಬ್ರೇಕರ್ ಹಾಕಿ, ಫ್ಯೂಸ್ ಬಾಕ್ಸಿಂದ ಕದ್ದು ತಗೋಬೇಡಿ. ಆಮೇಲೆ ಕಾದ ಡ್ರಮ್ಮಿಗೆ ಇನ್ನು ಮುಂದೆ ನೀರು ಹಾಕ್ಬೇಡಿ ಅಣ್ಣ, ಎರಕದ ಕಬ್ಬಿಣ ಬಿರುಕು ಬಿಡುತ್ತೆ. ತಣ್ಣಗಾದ ಮೇಲೆ ಬಿಚ್ಚಿ ಲೈನರ್ (ಡ್ರಮ್ಮಿಗೆ ಉಜ್ಜೋ ಬ್ರೇಕ್ ಪಟ್ಟಿ) ಹೊಳಪು ಬಂದಿದ್ಯಾ, ಗ್ರೀಸ್ ಕರಗಿ ಲೈನರ್ ಮೇಲೆ ಬಂದಿದ್ಯಾ ನೋಡ್ಲೇಬೇಕು.

ವಿರಾಜಪೇಟೆ ಜೀಪ್:
ಸಾಕೆಟ್ ವಿಷ್ಯದಲ್ಲಿ ಅವಸರ ಮಾಡ್ಬೇಡಿ. ನಮ್ಮಲ್ಲಿ ಸಿಗೋ ರೌಂಡ್ 7 ಪಿನ್ ಯುರೋಪ್ ಲೆಕ್ಕದ್ದು, ಅದ್ರಲ್ಲಿ ಎಲೆಕ್ಟ್ರಿಕ್ ಬ್ರೇಕಿಗೆ ಅಂತ ಪಿನ್ನೇ ಇಲ್ಲ. ಅದ್ರಲ್ಲಿ ನೀಲಿ ಅಂದ್ರೆ ಹಿಂದಿನ ಫಾಗ್ ಲೈಟು, ಕಪ್ಪು ಅಂದ್ರೆ ಎಡಗಡೆ ಟೇಲ್ ಲೈಟು. ಅಮೆರಿಕದ 7 ಪಿನ್ನಲ್ಲಿ ನೀಲಿ ಅಂದ್ರೆ ಬ್ರೇಕು, ಕಪ್ಪು ಅಂದ್ರೆ ಬ್ಯಾಟರಿ ಪ್ಲಸ್. ಬಿಳಿ ಮಾತ್ರ ಎರಡರಲ್ಲೂ ಅರ್ಥ್. ಬಣ್ಣಕ್ಕೆ ಬಣ್ಣ ಕಟ್ಟಿದ್ರೆ ಏನಾಗ್ತದೆ ನೀವೇ ಯೋಚ್ನೆ ಮಾಡಿ, ಫಾಗ್ ಲೈಟ್ ಹಾಕಿದ ಕೂಡ್ಲೆ ಟ್ರೈಲರ್ ಬ್ರೇಕ್ ಹಿಡೀಬಹುದು. ಆಕ್ಸಲ್ ಅಮೆರಿಕ ಮಾದರಿ ಅಂದ್ರೆ ಅದೇ ಮಾದರಿಯ ಚಪ್ಪಟೆ ಪಿನ್ನಿನ ಸಾಕೆಟ್ಟೂ ಪ್ಲಗ್ಗೂ ಜೋಡಿಯಾಗಿ ತರಿಸಿ, ಸ್ವಲ್ಪ ದಿನ ಕಾಯೋದು ಒಳ್ಳೇದು.

ವೈರ್ ದಪ್ಪ ಎಷ್ಟು ಹಾಕಿದೀರ ಹೇಳ್ಲಿಲ್ಲ. ಒಂದು ಮ್ಯಾಗ್ನೆಟ್ ಸುಮಾರು 3 ಆಂಪ್ಸ್ ಎಳೀತದೆ, ಎರಡಕ್ಕೆ 6. ಮುಂದಿಂದ ಹಿಂದಕ್ಕೆ 7 ಮೀಟರ್ ಅಂದ್ರೆ ಹೋಗಿ ಬರೋದು 14, ಒಂದೂವರೆ ಸ್ಕ್ವೇರ್ ಎಂಎಂ ವೈರಲ್ಲಿ ಹತ್ರ ಹತ್ರ 1 ವೋಲ್ಟ್ ದಾರೀಲೇ ಹೋಗ್ತದೆ, ಅಷ್ಟು ಬ್ರೇಕ್ ಕಮ್ಮಿ ಆಯ್ತು ಅಂತ ಲೆಕ್ಕ. ನೀಲಿಗೂ ಬಿಳಿಗೂ 4 ಸ್ಕ್ವೇರ್ ಎಂಎಂ ಹಾಕಿ. ಟೇಪ್ ಸುತ್ತಿದ ಜಾಯಿಂಟ್ ಜೂನ್ ಮಳೆಗೆ ಉಳಿಯೋದಿಲ್ಲ, ಬೆಸುಗೆ ಹಾಕಿ ಸ್ಲೀವ್ ಏರಿಸಿ.

ಸುಂಟಿಕೊಪ್ಪ ತೋಟ:
ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆ, ಹೇಳಿದ ಹಾಗೇ ಇತ್ತು! ನಾನು ಸೇರಿಸಿದ ವೈರಲ್ಲಿ ಪೆಡಲ್ ಮುಟ್ಟದೇನೇ ಬಲ್ಬ್ ಉರೀತಿತ್ತು. ಕೆಂಪನ್ನ ಇನ್ನೊಂದಕ್ಕೆ ಬದಲಾಯಿಸಿದ ಕೂಡ್ಲೆ ಕಂಟ್ರೋಲರ್ ಲೈಟ್ ಆರಿತು. ಜ್ಯಾಕ್ ಏರಿಸಿ ಕೈಯಲ್ಲಿ ಚಕ್ರ ತಿರುಗಿಸಿದೆ, ಹಗುರಾಗಿ ತಿರುಗ್ತದೆ, ತಮ್ಮ ಪೆಡಲ್ ಒತ್ತಿದ್ರೆ ಒಳಗೆ ಟಕ್ ಅಂತ ಹಿಡಿದು ನಿಲ್ತದೆ. ಒಂದು ಕಡೆ ಲೈನರ್ ಹೊಳಪು ಬಂದಿತ್ತು, ಆ ಜೋಡಿ ಬದಲಾಯಿಸ್ತಾ ಇದೀನಿ. ವೈರ್ ಒಂದೂವರೆದೇ ಹಾಕಿದ್ದೆ, ಬಿಚ್ಚಿ 4ದು ಎಳೀತೀನಿ. ತುಂಬಾ ಉಪಕಾರ ಆಯ್ತು. ಈಗ ಗೇನ್, ಅಂದ್ರೆ ಟ್ರೈಲರ್ ಬ್ರೇಕ್ ಎಷ್ಟು ಜೋರಾಗಿ ಹಿಡೀಬೇಕು ಅನ್ನೋ ಸೆಟ್ಟಿಂಗ್, ಎಷ್ಟಕ್ಕೆ ಇಡೋದು?

ಸಂಪಾಜೆ ಘಾಟಿ:
ಮಾರಾಯ್ರೆ, ಒಂದು ಕಡೆ ಲೈನರ್ ಮಾತ್ರ ಬದಲಾಯಿಸ್ಬೇಡಿ, ಎರಡು ಚಕ್ರಕ್ಕೂ ಹಾಕಿ, ಇಲ್ಲಾಂದ್ರೆ ಬ್ರೇಕ್ ಒತ್ತಿದಾಗ ಟ್ರೈಲರ್ ಒಂದೇ ಕಡೆ ಎಳೀತದೆ. ಗೇನಿಗೆ ಎಲ್ರಿಗೂ ಒಂದೇ ನಂಬರ್ ಅಂತ ಇಲ್ಲ. ಮಾಲು ಹಾಕಿ, ಖಾಲಿ ಇರೋ ಒಣ ಸಮತಟ್ಟು ರೋಡಲ್ಲಿ 40ರಲ್ಲಿ ಹೋಗ್ತಾ ಕಂಟ್ರೋಲರಿನ ಕೈ ಲಿವರ್ ಮಾತ್ರ ಪೂರ್ತಿ ಒತ್ತಿ. ಟ್ರೈಲರ್ ಚಕ್ರ ಲಾಕ್ ಆಗೋವರೆಗೆ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗಿ, ಲಾಕ್ ಆದ್ರೆ ಒಂದು ಹಂತ ಇಳಿಸಿ, ಅಷ್ಟೇ. ಖಾಲಿ ಟ್ರೈಲರಿಗೂ ಮಳೆಗೂ ಮತ್ತೆ ಕಮ್ಮಿ ಮಾಡ್ಬೇಕು, ಒದ್ದೆ ರೋಡಲ್ಲಿ ಲಾಕ್ ಆದ್ರೆ ತಿರುವಲ್ಲಿ ಟ್ರೈಲರ್ ಹೊರಗೆ ಜಾರ್ತದೆ, ಆಗ ಎಂತ ಮಾಡೋಕೂ ಆಗೋದಿಲ್ಲ. ಇಳಿಜಾರಲ್ಲಿ ಹತ್ತಿದ ಗೇರಲ್ಲೇ ಇಳೀರಿ, ಟೈಮ್ ಡಿಲೇ ಮಾದರಿಗೆ ಇಳಿಜಾರೂ ಗೊತ್ತಾಗೋದಿಲ್ಲ, ನೀವು ಎಷ್ಟು ಜೋರಾಗಿ ಒತ್ತಿದ್ರಿ ಅಂತಲೂ ಗೊತ್ತಾಗೋದಿಲ್ಲ, ಪೆಡಲ್ ಮೇಲೆ ಕಾಲಿಟ್ಕೊಂಡೇ ಇದ್ರೆ ಗೇನ್ ಇಟ್ಟಷ್ಟಕ್ಕೆ ಏರಿ ಅಲ್ಲೇ ನಿಲ್ತದೆ, ಆವತ್ತಿನ ಸುಟ್ಟ ವಾಸನೆ ಮತ್ತೆ ಬರ್ತದೆ.

ಬ್ರೇಕ್‌ಅವೇ ಸ್ವಿಚ್ ಇದ್ಯಾ? ಕೊಂಡಿ ಕಳಚಿ ಟ್ರೈಲರ್ ಬಿಟ್ಟು ಹೋದ್ರೆ ಆ ಸ್ವಿಚ್ಚಿನ ಪಿನ್ ಕಿತ್ತು ಬಂದು, ಟ್ರೈಲರಿನದ್ದೇ ಬ್ಯಾಟರಿಯಿಂದ ಬ್ರೇಕ್ ಹಿಡಿಯೋದು. ಅದ್ರ ತಂತೀನ ಗಾಡಿ ಚಾಸಿಗೆ ಕಟ್ಟಿ, ಕೊಂಡಿ ಪಿನ್ನಿಗೆ ಕಟ್ಟಿದ್ರೆ ಕೊಂಡಿ ಜೊತೆಗೇ ಹೋಗಿಬಿಡ್ತದೆ. ಟೆಸ್ಟ್ ಮಾಡುವಾಗ ಗಾಡಿ ಪ್ಲಗ್ ಕಿತ್ತೇ ಪಿನ್ ಎಳೀರಿ, ಇಲ್ಲಾಂದ್ರೆ ಆ ಕರೆಂಟ್ ವಾಪಸ್ ಹೋಗಿ ಕಂಟ್ರೋಲರನ್ನೇ ಸುಡಬಹುದು.

ಸುಂಟಿಕೊಪ್ಪ ತೋಟ:
ಸ್ವಿಚ್ ಉಂಟು, ಆದ್ರೆ ತಂತಿ ಕೊಂಡಿ ಪಿನ್ನಿಗೇ ಕಟ್ಟಿತ್ತು. ಈಗ್ಲೇ ಹೋಗಿ ಚಾಸಿಗೆ ಕಟ್ತೀನಿ, ಲೈನರೂ ಜೋಡಿ ತರ್ತೀನಿ.